ಕೊಚ್ಚಿಗೆ ಹೊರಟ ಬ್ಯಾಗು

ಬಣ್ಣದಂಗಡಿ ಅಕ್ಕನ ಬಲಗೈ ಹೆಬ್ಬೆರಳ ಉಗುರಿನ ಸಂದಿಯಲ್ಲಿ ಯಾವತ್ತೂ ಒಂದು ಬಣ್ಣ ಕೂತಿರುತ್ತಿತ್ತು. ಮಿಷನ್ನಿನಲ್ಲಿ ಬಣ್ಣ ಕಲಸಿದ ಮೇಲೆ, ಒಳಗೆ ಯಾವುದಿದೆ ಅಂತ ಗೊತ್ತಾಗಲಿ ಎಂದು ಡಬ್ಬದ ಮುಚ್ಚಳಕ್ಕೆ ಒಂದು ಬೊಟ್ಟು ಇಡುತ್ತಾರಲ್ಲ, ಬೇರೆಯವರು ಅದಕ್ಕೆ ಕಡ್ಡಿ ಬಳಸಿದರೆ ಅಕ್ಕ ಹೆಬ್ಬೆರಳನ್ನೇ ಅದ್ದುತ್ತಿದ್ದರು. ಹುಣಸೂರಿನಲ್ಲಿ ಯಾರ ಮನೆಗೆ ಯಾವ ಬಣ್ಣ ಬೀಳುತ್ತಿದೆ ಎಂದು ಅವರ ಉಗುರು ನೋಡಿ ಹೇಳಬಹುದಿತ್ತು. ಅದೇ ಬೆರಳಲ್ಲಿ ಪಕ್ಕದ ನನ್ನ ಟೈಲರಿಂಗ್ ಅಂಗಡಿಗೆ ಬಂದು, ಫಾಲ್ಸ್ ಹಚ್ಚಲು ಬಂದ ರೇಷ್ಮೆ ಸೀರೆಗಳನ್ನೆಲ್ಲ ಮುಟ್ಟುತ್ತಿದ್ದರು. ನಾನು ಕಿರುಚಿಕೊಂಡರೆ, "ಒಣಗೈತೆ ಕಣೆ, ಬುಡು ಅತ್ಲಾಗೆ" ಎನ್ನುತ್ತಿದ್ದರು.

ಅವರನ್ನು ಕಂಡರೆ ನನಗೆ ಹೊಟ್ಟೆಕಿಚ್ಚು. ಮುಚ್ಚುಮರೆ ಏನಿಲ್ಲ, ಅವರಿಗೂ ಗೊತ್ತಿತ್ತು. ಗಂಡ ತೀರಿಕೊಂಡ ಮೇಲೆ ಆ ಅಂಗಡಿಯನ್ನು ಒಬ್ಬರೇ ನಡೆಸಿದರು. ಬೆಳಗಾದರೆ ಸಾಕು, ಬಣ್ಣ ಹೊಡೆಯುವ ಮೇಸ್ತ್ರಿಗಳೆಲ್ಲ ಅವರ ಬಾಗಿಲಲ್ಲಿ. ಕೂರಲು ಜಾಗ ಸಾಲದೆ ನನ್ನ ಅಂಗಡಿಯ ಸ್ಟೂಲುಗಳನ್ನು ಎತ್ತಿಕೊಂಡು ಹೋಗುತ್ತಿದ್ದರು. ನನ್ನ ಗಿರಾಕಿಗಳು ನಿಂತೇ ಇರಬೇಕು! ನನ್ನ ಮಗಳಂತೂ ಸ್ಕೂಲಿಂದ ಬಂದವಳು ಮೊದಲು ಅವರ ಅಂಗಡಿಗೆ ನುಗ್ಗಿ, ಆಮೇಲೆ "ಅಮ್ಮ" ಅಂತ ನನ್ನ ಕಡೆ ಬರುತ್ತಿದ್ದಳು. ನಾನು ಮುಖ ಊದಿಸಿಕೊಂಡರೆ ಅಕ್ಕ ಹೇಳುತ್ತಿದ್ದ ಮಾತು ಒಂದೇ: "ಮೊದಲ್ನೇ ಕೋಟು ಯಾವತ್ತೂ ನೋಡಕ್ಕೆ ಚೆಂದಾಗಿರಲ್ಲ ಕಣೆ. ಒಣಗ್ಲಿ, ಆಮೇಲೆ ಮಾತಾಡಾನ."

ಹೀಗಿರುವಾಗ ಬಣ್ಣದ ಕಂಪನಿಯವರು ಅವರಿಗೆ ಹಡಗಿನ ಪ್ರವಾಸ ಕೊಟ್ಟರು. ಚೆನ್ನಾಗಿ ವ್ಯಾಪಾರ ಮಾಡಿದ ಅಂಗಡಿಯವರಿಗೆ ತಲಾ ಎರಡು ಸೀಟು. ಕೊಚ್ಚಿಯಿಂದ ಹೊರಟು ಸಮುದ್ರದಲ್ಲಿ ಸುತ್ತಾಡಿಸಿ ಮತ್ತೆ ಕೊಚ್ಚಿಗೇ ತಂದು ಬಿಡುವುದು. ಕೊಚ್ಚಿಯವರೆಗೆ ಹೋಗುವ ದಾರಿ ಮಾತ್ರ ನಮ್ಮದೇ.

ಒಂದು ತಿಂಗಳು ಅಂಗಡಿ ಮುಂದೆ ಅದೇ ಪಂಚಾಯಿತಿ. "ಟ್ರೈನಲ್ಲಿ ಓಗಿ ಅಕ್ಕಾರೆ, ಮನಿಕಂಡೇ ಓಗ್ಬೋದು" ಎಂದು ಮೇಸ್ತ್ರಿ. ಬೆಂಗಳೂರಿಗೆ ಹೋಗಿ ವಿಮಾನ ಹತ್ತಿ ಎಂದು ಮೆಡಿಕಲ್ ಸ್ಟೋರಿನವರು. ಅಕ್ಕನಿಗೆ ಎರಡೂ ಸರಿಬರಲಿಲ್ಲ. "ಪಡುವಲ ಸಮುದ್ರಕ್ಕೋಗಾಕೆ ಮೂಡಲ ಬೆಂಗ್ಳೂರಿಗೆ ಯಾಕ್ರೀ ಓಗ್ಬೇಕು? ಸುತ್ತಿ ಬಳಸಿ ಮೂಗು ಹಿಡಿಯೋ ಕೆಲ್ಸ" ಎಂದರು.

ನನ್ನ ತವರು ಅಂತರಸಂತೆ. ಬಾವಲಿಯ ಕಾಡು ದಾಟಿದರೆ ಕೇರಳ ಎನ್ನುವುದು ನನಗೆ ನಡೆಯಲು ಕಲಿಯುವಾಗಲೇ ಗೊತ್ತಿದ್ದ ಸಂಗತಿ. ಹೊಲಿಗೆ ಮಿಷನ್ ನಿಲ್ಲಿಸಿ ಎದ್ದು ಹೋಗಿ ಹೇಳಿದೆ: "ಎಚ್.ಡಿ. ಕೋಟೆ ಮೇಲೆ ಬಾವಲಿಗೆ ಕಾರಲ್ಲಿ ಓಗಿ ಅಕ್ಕ. ಸಂಜೆ ಆದ್ರೆ ಕಾಡಿನ ಗೇಟು ಹಾಕ್ಬುಡ್ತಾರೆ, ಬೆಳಗಾಗೋಗಂಟ ತೆಗೆಯಲ್ಲ. ಅದ್ಕೇ ಬೆಳಗ್ಗೇನೇ ಹೊರಡಿ. ಹಡಗು ಯಾರಿಗೂ ಕಾಯಲ್ಲ, ಹಿಂದಿನ ದಿನಾನೇ ಕೊಚ್ಚೀಲಿ ಇರಿ." ಅಕ್ಕ ಎಲ್ಲರ ಮುಂದೆ, "ಇವಳು ಹೇಳಿದ್ದೇ ಸೈ" ಎಂದುಬಿಟ್ಟರು. ಮೆಡಿಕಲ್ ಸ್ಟೋರಿನವರು ಸ್ಟೂಲು ಬಿಟ್ಟು ಎದ್ದು ಹೋದರು.

ದಾರಿ ನನ್ನದು ಎಂದ ಮೇಲೆ ಎರಡನೇ ಸೀಟೂ ನನ್ನದೇ ಎಂದುಕೊಂಡೆ. ಸಮುದ್ರ ಕಂಡವಳಲ್ಲ ನಾನು. ಯಾರಿಗೂ ಹೇಳದೆ ಎರಡು ಚೂಡಿದಾರ ಹೊಲಿದುಕೊಂಡೆ. ಗಾಳಿಗೆ ಹಾರದ ಹಾಗೆ ದುಪಟ್ಟಾಕ್ಕೆ ಪಿನ್ನಿನ ಪಟ್ಟಿಯನ್ನೂ ಇಟ್ಟೆ.

ಅಕ್ಕ ಕರೆದುಕೊಂಡು ಹೊರಟಿದ್ದು ಮಿರ್ಲೆಯ ನಾದಿನಿಯನ್ನು.

"ಅವಳ ಅಣ್ಣ ಕಟ್ಟಿದ ಅಂಗಡಿ ಕಣೆ ಇದು. ಅವಳಿಗೆ ಸಲ್ಲಬೇಕಾದ್ದು" ಎಂದರು. ನ್ಯಾಯವಾದ ಮಾತು. ನ್ಯಾಯವಾಗಿದ್ದದ್ದಕ್ಕೇ ಇನ್ನಷ್ಟು ಉರಿಯಿತು. ವರ್ಷಕ್ಕೆರಡು ಸಲ ಬಂದು, ಕಾಫಿ ಕುಡಿದು, ನನ್ನ ಬ್ಲೌಸಿನ ಕೊರಳು ಸರಿಯಿಲ್ಲ ಎಂದು ಹೇಳಿ ಹೋಗುವವಳಿಗೆ ಹಡಗು! ನಾನು ಅಕ್ಕನ ಜೊತೆ ಮಾತು ಬಿಟ್ಟೆ. ಸ್ಟೂಲುಗಳನ್ನೂ ಒಳಗೆ ಎಳೆದುಕೊಂಡೆ.

ಹೊರಡುವುದು ಭಾನುವಾರ ಎಂದು ಗೊತ್ತಾಗಿತ್ತು. ಭಾನುವಾರ ಪಡುವಲ ದಿಕ್ಕಿಗೆ ಹೊರಡಬಾರದು ಎನ್ನುವುದು ನಮ್ಮ ಹಿರಿಯರ ಲೆಕ್ಕ. ಹೊರಡಲೇಬೇಕಾದರೆ ಅದಕ್ಕೊಂದು ಉಪಾಯವಿದೆ: ಹಿಂದಿನ ದಿನವೇ ಒಳ್ಳೆಯ ಹೊತ್ತು ನೋಡಿ ಬ್ಯಾಗನ್ನು ಬೇರೆಯವರ ಮನೆಯಲ್ಲಿ ಇಟ್ಟು ಬರಬೇಕು. ಆಗಲೇ ಪ್ರಯಾಣ ಶುರುವಾದಂತೆ. ಮಾರನೆಯ ದಿನ ಆ ಮನೆಯಿಂದಲೇ ಬ್ಯಾಗು ಎತ್ತಿಕೊಂಡು ಹೊರಟುಬಿಡುವುದು.

ಶನಿವಾರ ಮಧ್ಯಾಹ್ನ ಅಕ್ಕ ಚಕ್ರದ ಬ್ಯಾಗನ್ನು ಗಡಗಡ ಎಳೆದುಕೊಂಡು ನಮ್ಮ ಮನೆ ಬಾಗಿಲಿಗೇ ಬಂದರು.

"ಬೀದಿ ತುಂಬ ಮನೆ ಅವೆ. ಇಲ್ಲಿಗೇ ಯಾಕೆ ತಂದ್ರಿ?" ಎಂದೆ.

"ಬೇರೆಯೋರು ಬ್ಯಾಗ್ ಮಡುಗಿಸ್ಕೊಂಡು ಮರ್ತುಬುಡ್ತಾರೆ ಕಣೆ. ನೀನಾದ್ರೆ ನಾಕು ದಿನಾನೂ ಹೊಟ್ಟೆ ಉರ್ಕೊಂಡು, ಇವಳು ಯಾವಾಗ ಬತ್ತಾಳೋ ಅಂತ ಬಾಗ್ಲನ್ನೇ ನೋಡ್ತಿರ್ತೀಯ. ಅಂಗೆ ಕಾಯೋರ ಮನೆಯಿಂದ ಹೊರಟ್ರೇನೇ ವಾಪಸ್ ಬರಾದು."

ಸಿಟ್ಟಿನಲ್ಲೂ ನಗು ಬಂತು, ಸುಡುಗಾಡು. ಬ್ಯಾಗನ್ನು ನಡುಮನೆಯಲ್ಲಿ ಇಡಿಸಿಕೊಂಡೆ. ಅದರ ಜಿಪ್ಪಿನ ಹಿಡಿಯ ಮೇಲೂ ಒಂದು ಹಸಿರು ಬೊಟ್ಟಿತ್ತು.

ಬೆಳಗ್ಗೆ ಕಾರು ಬಂತು. ಆಗಲೇ ಕಪ್ಪು ಕನ್ನಡಕ ಹಾಕಿ ಕೂತಿದ್ದಳು ನಾದಿನಿ, ಬಿಸಿಲೇ ಬಂದಿರಲಿಲ್ಲ! ಅಕ್ಕನಿಗೆ ಮಜ್ಜಿಗೆ ಕೊಟ್ಟೆ. ಡ್ರೈವರಿಗೆ, "ಅಂತರಸಂತೆ ದಾಟಿದ ಮೇಲೆ ಕಾಡಲ್ಲಿ ಎಲ್ಲೂ ನಿಲ್ಲಿಸ್ಬ್ಯಾಡಿ" ಎಂದೆ. "ಬತ್ತೀನಿ ಕಣೆ" ಎಂದು ಅಕ್ಕ ಕೈ ಬೀಸಿದರು. ಹಡಗಿನಿಂದ ಫೋಟೋಗಳು ಬಂದವು. ಎಲ್ಲವನ್ನೂ ದೊಡ್ಡದು ಮಾಡಿ ನೋಡಿ, ಫೋನನ್ನು ಬೋರಲು ಹಾಕಿದೆ. ಅವರು ಹೇಳಿದ ಹಾಗೆಯೇ ಬಾಗಿಲು ನೋಡುತ್ತಾ ಕೂತೆ.

ವಾಪಸ್ ಬಂದವರು ತಮ್ಮ ಮನೆಗೂ ಹೋಗದೆ ಬ್ಯಾಗಿನ ಸಮೇತ ಮೊದಲು ನಮ್ಮ ಮನೆಗೆ ಬಂದರು. ಕೋಳಿಕ್ಕೋಡಿನ ಹಲ್ವ ತೆಗೆದು ನನ್ನ ಮಗಳ ಕೈಗಿಟ್ಟರು.

"ಹಡಗು ಎಂಗಿತ್ತು?" ಎಂದೆ, ಬೇಕಿಲ್ಲದವಳಂತೆ.

"ಅದ್ರಲ್ಲೇನೈತೆ, ಊಟ, ಲೈಟು, ಸುತ್ತ ನೀರು. ನೀನು ಹೇಳಿದ ದಾರಿ ಇತ್ತಲ್ಲ, ಅದು ಚೆಂದ ಕಣೆ. ಬಾವಲಿ ಹತ್ರ ಆನೆ ಮರಿ ಕಟ್ಕೊಂಡು ನಿಂತಿತ್ತು."

ಹಡಗನ್ನು ನನ್ನ ದಾರಿ ಸೋಲಿಸಿತಲ್ಲ ಎಂದು ಒಳಗೊಳಗೇ ಹಿಗ್ಗಿದೆ. ಆ ಆನೆಯನ್ನು ನಾದಿನಿಯೂ ನೋಡಿದಳಲ್ಲ ಎಂದು ನೆನಪಾಗಿ ಮತ್ತೆ ಉರಿಯಿತು.

ಅಲ್ಲಿಂದ ಮುಂದೆ ಅಕ್ಕ ಎಲ್ಲಿಗೆ ಹೊರಟರೂ, ದಿಕ್ಕು ಯಾವುದಾಗಲಿ ವಾರ ಯಾವುದಾಗಲಿ, ಹಿಂದಿನ ದಿನ ಬ್ಯಾಗು ನಮ್ಮ ನಡುಮನೆಗೆ ಬರುತ್ತಿತ್ತು. ಧರ್ಮಸ್ಥಳಕ್ಕೆ, ಕಂಪನಿಯ ಮೀಟಿಂಗಿಗೆ, ಬೆಟ್ಟದಪುರದ ಮದುವೆಗೆ ಕೂಡ. "ಇಷ್ಟು ಹತ್ರಕ್ಕೂ ಬೇಕಾ?" ಎಂದು ನಾನು ಗೊಣಗುತ್ತಿದ್ದೆ. ಆದರೆ ಅವರು ಬರುವ ಮೊದಲೇ ಕಿಟಕಿ ಕೆಳಗೆ ಬ್ಯಾಗಿನ ಜಾಗ ಖಾಲಿ ಮಾಡಿ ಇಟ್ಟಿರುತ್ತಿದ್ದೆ.

ಹೋದ ವರ್ಷ ಒಂದು ಬೆಳಗ್ಗೆ ನಾನು ಅಂಗಡಿಗೆ ಬಂದಾಗ ಪಕ್ಕದ ಬಾಗಿಲು ಹಾಕಿತ್ತು. ಮೇಸ್ತ್ರಿಗಳು ರಸ್ತೆಯಲ್ಲಿ ನಿಂತಿದ್ದರು. ಅಕ್ಕ ಎದೆ ನೋವು ಎಂದರಂತೆ. ಮನೆಗೆ ಬಂದಿದ್ದ ನಾದಿನಿಯೇ ಕಾರಿನಲ್ಲಿ ಮೈಸೂರಿಗೆ ಕರೆದುಕೊಂಡು ಹೋಗಿದ್ದಳು. ನಾನು ಮಿಷನ್ನಿನ ಮುಂದೆ ಕೂತೆ, ಸೂಜಿಗೆ ದಾರ ಪೋಣಿಸಲಾಗಲಿಲ್ಲ. ಮಧ್ಯಾಹ್ನದ ಹೊತ್ತಿಗೆ ಸುದ್ದಿ ಬಂತು.

ತಿಥಿ ಊಟ ಮುಗಿದ ಮೇಲೆ ನಾದಿನಿ ಹಿತ್ತಲಲ್ಲಿ ನನ್ನ ಪಕ್ಕ ಬಂದು ಕೂತಳು. ಕಣ್ಣು ಬಾತಿದ್ದವು.

"ಮೈಸೂರಿಗೆ ಓಗ್ತಾ ಬಿಳಿಕೆರೆ ಹತ್ರ ಅತ್ತಿಗೆ ಕಣ್ ಬುಟ್ರು ಕಣಕ್ಕ. 'ಬ್ಯಾಗು ಅವಳ ಮನೇಲಿ ಮಡುಗಿದ್ಯಾ?' ಅಂದ್ರು. ಬ್ಯಾಗೇ ತಂದಿರ್ಲಿಲ್ಲ. ಏನೋ ಬಡಬಡಿಸ್ತಾವ್ರೆ ಅಂದ್ಕಂಡು, ಸುಮ್ಕಿರಿ ಅತ್ತಿಗೆ ಅಂದೆ. ಯಾರ ಮನೆ ಅಂದ್ರು ಅಂತ ನಂಗೆ ಆಮೇಲೆ ಗೊತ್ತಾಯ್ತು."

ಎದ್ದು ಮನೆಗೆ ಬಂದು ಕಿಟಕಿ ಕೆಳಗಿನ ಆ ಖಾಲಿ ಜಾಗವನ್ನು ನೋಡಿ ಅತ್ತೆ. ಮಗಳು ಅಲ್ಲಿ ತನ್ನ ಸ್ಕೂಲ್ ಬ್ಯಾಗು ಇಡಲು ಬಂದಳು, ಬೇಡ ಎಂದೆ.

ಹಡಗಿನ ಸೀಟು ಅವಳಿಗೇ ಇರಲಿ, ಆನೆಯೂ ಅವಳಿಗೇ ಇರಲಿ. ಅವು ಅವಳಿಗೆ ಸಲ್ಲಬೇಕಾದ್ದೇ. ಆದರೆ ಅಕ್ಕ ಕೊನೆಯದಾಗಿ ನನ್ನನ್ನು ನೆನೆದು ಕೇಳಿದಾಗ ಅವರ ಪಕ್ಕದ ಸೀಟಿನಲ್ಲಿ ಅವಳಿದ್ದಳು, ನಾನಿರಲಿಲ್ಲ. ಆ ಸೀಟಿನ ಮೇಲಿನ ಹೊಟ್ಟೆಕಿಚ್ಚು ಇನ್ನೂ ಆರಿಲ್ಲ.