ದೊಡ್ಡ ಸಾಹೇಬರಿಗೆ ಚಪಾತಿ

೧೯೯೭ರಲ್ಲಿ ನಾನು ಹುಬ್ಬಳ್ಳಿಯಲ್ಲಿ ವಿಮಾ ಸಂಸ್ಥೆಯೊಂದರ ತರಬೇತಿ ಕೇಂದ್ರದ ಆಡಳಿತಾಧಿಕಾರಿಯಾಗಿದ್ದೆ. ಹುದ್ದೆಯ ಹೆಸರು ದೊಡ್ಡದು. ಕೆಲಸ ಮಾತ್ರ ಕುರ್ಚಿ, ಫ್ಯಾನು, ಕುಡಿಯುವ ನೀರು ಮತ್ತು ಊಟದ್ದು. ರಾಜ್ಯದ ಬೇರೆ ಬೇರೆ ಊರುಗಳಿಂದ ಮೂವತ್ತು ಜನರ ತಂಡ ಎರಡು ವಾರದ ತರಬೇತಿಗೆ ಬರುತ್ತಿತ್ತು. ಕೇಂದ್ರಕ್ಕೆ ಸ್ವಂತ ಅಡುಗೆಮನೆ ಇರಲಿಲ್ಲ. ಹೀಗಾಗಿ ಕೊಪ್ಪೀಕರ್ ರಸ್ತೆಯ ಸುತ್ತಮುತ್ತ, ನಡೆದು ಹೋಗುವಷ್ಟು ದೂರದಲ್ಲಿ, ಮೂರು ಹೋಟೆಲುಗಳನ್ನು ಆರಿಸಿ ‘ಪ್ಯಾನೆಲ್’ಗೆ, ಅಂದರೆ ನಮ್ಮ ಅಧಿಕೃತ ಪಟ್ಟಿಗೆ, ಸೇರಿಸುವುದು ನನ್ನ ಹೊಣೆ. ಒಂದು ಊಟಕ್ಕೆ ಇಪ್ಪತ್ತೈದು ರೂಪಾಯಿಯ ಮಿತಿ. ಎಸಿ ಹೋಟೆಲಿಗೆ ಅದು ಸಾಲದು, ರಸ್ತೆಬದಿಯ ಗಾಡಿಗೆ ಅದು ಹೆಚ್ಚು. ನಡುವಿನ ದರದ ಒಳ್ಳೆಯ ಊಟ ಹುಡುಕುವುದೇ ಎಲ್ಲಕ್ಕಿಂತ ಕಷ್ಟ ಎಂದು ಕಲಿತದ್ದು ಆಗ.

ಹುಡುಕಲು ನನ್ನದೇ ಒಂದು ಪದ್ಧತಿ ಮಾಡಿಕೊಂಡಿದ್ದೆ. ಒಂದು ಗಂಟೆಯ ಭರಾಟೆಯಲ್ಲಿ ಹೋಗುತ್ತಿರಲಿಲ್ಲ, ಎರಡೂವರೆಗೆ ಹೋಗುತ್ತಿದ್ದೆ. ಕೊನೆಗೆ ಬಂದವನಿಗೆ ಏನು ಬಡಿಸುತ್ತಾರೆ ಎಂಬುದರಲ್ಲಿ ಹೋಟೆಲಿನ ಹಣೆಬರಹವೆಲ್ಲ ಇರುತ್ತದೆ. ಕೈ ತೊಳೆಯುವ ಜಾಗ ನೋಡುತ್ತಿದ್ದೆ. ಪಕ್ಕದಲ್ಲಿ ಉಣ್ಣುತ್ತಿರುವವರು ಯಾರು ಎಂದು ಗಮನಿಸುತ್ತಿದ್ದೆ. ಬಟ್ಟೆ ಅಂಗಡಿಯ ಗುಮಾಸ್ತರು, ಔಷಧ ಕಂಪನಿಯ ಪ್ರತಿನಿಧಿಗಳು, ಕೋರ್ಟಿನ ಟೈಪಿಸ್ಟರು, ಇಂಥವರು ವರ್ಷಗಟ್ಟಲೆ ಒಂದೇ ಕಡೆ ಉಣ್ಣುತ್ತಿದ್ದರೆ ಅದಕ್ಕಿಂತ ದೊಡ್ಡ ಸರ್ಟಿಫಿಕೇಟು ಬೇಕಿಲ್ಲ. ಎಲ್ಲಕ್ಕಿಂತ ಮುಖ್ಯವಾಗಿ, ನಾನು ಯಾರೆಂದು ಹೇಳುತ್ತಿರಲಿಲ್ಲ.

ಹೀಗೆ ಹುಡುಕುವಾಗ ಸಿಕ್ಕಿದ್ದು ಒಂದು ಓಣಿಯೊಳಗಿನ ನೀಲವ್ವನವರ ಖಾನಾವಳಿ. ಆರು ಮೇಜು, ಒಳಗೆ ಅಡುಗೆಮನೆ, ಅಲ್ಲಿಂದ ಬಿಡದೆ ಬರುವ ರೊಟ್ಟಿ ತಟ್ಟುವ ಸದ್ದು. ಎರಡೂವರೆಗೆ ಹೋದ ನನಗೂ ಒಲೆಯಿಂದ ಆಗಷ್ಟೇ ಇಳಿದ ಜೋಳದ ರೊಟ್ಟಿ, ಎಣ್ಣೆಗಾಯಿ, ಹಸಿ ಮೆಂತ್ಯ ಸೊಪ್ಪು, ಶೇಂಗಾ ಹಿಂಡಿಯೆಂಬ ಚಟ್ನಿಪುಡಿ, ಗಟ್ಟಿ ಮೊಸರು ಸಿಕ್ಕವು. ನೀಲವ್ವ ಐವತ್ತು ದಾಟಿದ ಗಟ್ಟಿಗಿತ್ತಿ. ನನ್ನ ಮಾತು ಕೇಳಿ, “ಧಾರವಾಡದವರೇನ್ರಿ? ಅದಕ ಇಷ್ಟ ಮೆತ್ತಗ ಮಾತಾಡ್ತೀರಿ. ಮೆತ್ತಗ ಮಾತಾಡಿದ್ರ ಇಲ್ಲೆ ರೊಟ್ಟಿ ಸಿಗೂದಿಲ್ಲ, ಜೋರಾಗಿ ಕೇಳ್ರಿ” ಎಂದರು. ನನ್ನ ಮನೆ ಧಾರವಾಡದ ಸಪ್ತಾಪುರದಲ್ಲೇ ಇತ್ತು. ಮನೆಗೆ ಹೋಗಿ ಹೆಂಡತಿಯೆದುರು ಆ ಎಣ್ಣೆಗಾಯಿಯನ್ನು ಹೊಗಳಿ ಬೈಸಿಕೊಂಡೆ.

ಮೂರು ಸಲ ಉಂಡ ಮೇಲೆ ನಾನು ಯಾರೆಂದು ತಿಳಿಸಿ, ಮುಂದಿನ ತಂಡದಿಂದ ಅವರ ಖಾನಾವಳಿಯನ್ನು ಪಟ್ಟಿಗೆ ಸೇರಿಸುವುದಾಗಿ ಹೇಳಿದೆ. ಮರುದಿನದಿಂದ ನನ್ನ ತಟ್ಟೆಗೆ ರೊಟ್ಟಿಯ ಬದಲು ಚಪಾತಿ ಬರತೊಡಗಿತು. ನಮ್ಮ ಕಡೆ ಜೋಳದ ರೊಟ್ಟಿ ದಿನದ ಊಟ. ಬೀಗರೋ ದೊಡ್ಡವರೋ ಬಂದರೆ ಚಪಾತಿ ಆಗಲೇಬೇಕು. ನಮ್ಮ ಮನೆಯಲ್ಲೂ ಅದೇ ರೂಢಿ. ಹಾಗಾಗಿ ನನಗೆ ವಿಶೇಷವೇನೂ ಅನಿಸಲಿಲ್ಲ. ನಿಜ ಹೇಳಬೇಕೆಂದರೆ ಒಳಗೊಳಗೇ ಖುಷಿಯಾಗಿತ್ತು.

ಹೀಗೆ ಎರಡು ತಿಂಗಳು ಕಳೆಯುವಷ್ಟರಲ್ಲಿ ಕಷ್ಟ ಬೇರೆ ಕಡೆಯಿಂದ ಬಂತು. ಪಟ್ಟಿಯಲ್ಲಿದ್ದ ಹಳೆಯ ಹೋಟೆಲೊಂದರಲ್ಲಿ ಅಡುಗೆಯವರು ಬದಲಾಗಿ, ನಮ್ಮ ನಾಲ್ವರು ಹೊಟ್ಟೆ ಕೆಡಿಸಿಕೊಂಡರು. ಅವರ ದೂರು ಬೆಂಗಳೂರಿನ ವಲಯ ಕಚೇರಿಗೆ ಹೋಯಿತು. ಕೇಂದ್ರವನ್ನು ಬೆಂಗಳೂರಿಗೇ ಒಯ್ಯಬೇಕೆಂಬ ಮಾತು ಅಲ್ಲಿ ಮೊದಲೇ ಇತ್ತು. ಈಗ ನೆಪ ಸಿಕ್ಕಿತು. ಉಪ ವ್ಯವಸ್ಥಾಪಕರಾದ ರಾಮಚಂದ್ರ ರಾಯರು ಬಂದು, ಹುಬ್ಬಳ್ಳಿಯಲ್ಲಿ ನಮ್ಮ ದರಕ್ಕೆ ಯೋಗ್ಯ ಊಟ ಸಿಗುತ್ತದೆಯೇ ಎಂದು ಸ್ವತಃ ಉಂಡು ನೋಡಿ ವರದಿ ಬರೆಯುವುದೆಂದು ತೀರ್ಮಾನವಾಯಿತು. ಸಿಗುವುದಿಲ್ಲ ಎಂದು ಬರೆದರೆ ಕೇಂದ್ರ ಮುಚ್ಚಿ, ನಾವು ಹನ್ನೊಂದು ಮಂದಿ ಗಂಟುಮೂಟೆ ಕಟ್ಟಬೇಕಿತ್ತು.

ಆ ಹೆದರಿಕೆಯಲ್ಲಿ ನನ್ನ ಪದ್ಧತಿಯನ್ನು ನಾನೇ ಮುರಿದೆ. ನೀಲವ್ವನವರಿಗೆ ಎರಡು ದಿನ ಮೊದಲೇ ಎಲ್ಲವನ್ನೂ ಹೇಳಿ, “ಅಕ್ಕಾರ, ನಮ್ಮ ಆಫೀಸಿನ ಮಾನ ನಿಮ್ಮ ಕೈಯಾಗ ಐತಿ” ಎಂದುಬಿಟ್ಟೆ.

ರಾಯರು ಬಂದ ದಿನ ಮಧ್ಯಾಹ್ನ ಅವರನ್ನು ಕರೆದುಕೊಂಡು ಓಣಿ ಹೊಕ್ಕಾಗ ಖಾನಾವಳಿಯ ಗುರುತೇ ಸಿಗಲಿಲ್ಲ. ದಿನವೂ ಕೂಡಲು ಜಾಗವಿರದ ಆರು ಮೇಜುಗಳೂ ಖಾಲಿ. ಮೇಲೆ ಬಾಡಿಗೆಗೆ ತಂದ ಬಿಳಿ ಬಟ್ಟೆ, ಪ್ಲಾಸ್ಟಿಕ್ ಹೂವು. ಸಾಹೇಬರು ಬರುತ್ತಾರೆಂದು ನೀಲವ್ವ ದಿನದ ಗಿರಾಕಿಗಳಿಗೆಲ್ಲ ಅಂದು ಬರಬೇಡಿರೆಂದು ಹೇಳಿದ್ದರು. ತಟ್ಟೆಗೆ ಬಂದದ್ದು ತಣ್ಣಗಾದ ಚಪಾತಿ, ಅವರು ಜೀವಮಾನದಲ್ಲೇ ಮೊದಲ ಸಲ ಮಾಡಿದ ಪನೀರಿನ ಕೆಂಪು ಗ್ರೇವಿ, ಉಪ್ಪಿಲ್ಲದ ಪುಲಾವು. ರಾಯರು ಮರ್ಯಾದಸ್ಥರು. ಒಂದು ಚಪಾತಿಯನ್ನು ಹತ್ತು ನಿಮಿಷ ಉಂಡರು.

ನಾನು ನೀರು ಕೇಳುವ ನೆಪದಲ್ಲಿ ಎದ್ದು ಹೋಗಿ, “ರೊಟ್ಟಿ ಎಲ್ಲಿ ಅದಾವ ಅಕ್ಕಾರ?” ಎಂದೆ. ಅವರು ಗಾಬರಿಯಿಂದ, “ದೊಡ್ಡ ಸಾಹೇಬ್ರ ಮುಂದ ರೊಟ್ಟಿ ಹ್ಯಾಂಗ ಇಡ್ಲಿರಿ? ನಿಮ್ಮ ಮಾನ ಹೋಗ್ತದಲ್ಲ!” ಎಂದರು. ನಾನು ನೀರಿನ ಲೋಟ ಹಿಡಿದು ಬಂದು ಕುಳಿತೆ.

ಆಗ ಬಾಗಿಲಲ್ಲಿ ಹನಮಂತಪ್ಪ ಕಾಣಿಸಿಕೊಂಡ. ಬಟ್ಟೆ ಅಂಗಡಿಯ ಗುಮಾಸ್ತ, ಹಿಂದಿನ ದಿನ ಊರಲ್ಲಿರಲಿಲ್ಲವಾದ್ದರಿಂದ ಸುದ್ದಿ ತಿಳಿದಿರಲಿಲ್ಲ. ನೀಲವ್ವ ಕೈಸನ್ನೆ ಮಾಡಿ ತಡೆದರು. “ಹನ್ನೆರಡ ವರ್ಷ ಆತು ಇಲ್ಲೇ ಉಣ್ಣಾಕತ್ತೇನಿ. ಇವತ್ತ ಎಲ್ಲಿಗೆ ಹೋಗ್ಲಿ ಅಕ್ಕಾ?” ಎಂದು ಅವನು ಕೇಳಿದ್ದು ನಮಗೂ ಕೇಳಿಸಿತು. ಹಸಿದು ಬಂದವನನ್ನು ತಿರುಗಿ ಕಳಿಸುವುದು ಆಕೆಯಿಂದಾಗುವ ಕೆಲಸವಲ್ಲ. ಹಿಂದಿನ ಬಾಗಿಲಿನಿಂದ ಬರುವಂತೆ ಪಿಸುಗುಟ್ಟಿದರು. ಐದು ನಿಮಿಷದಲ್ಲಿ ಗೋಡೆಯಾಚೆಯಿಂದ ತಟ್ಟುವ ಸದ್ದು, ಹಿಂದೆಯೇ ಸುಟ್ಟ ಜೋಳದ ಹಿಟ್ಟಿನ ವಾಸನೆ ಬಂತು.

ರಾಯರು ತಲೆಯೆತ್ತಿದರು. “ಏನದು ಸದ್ದು?”

“ರೊಟ್ಟಿ ತಟ್ಟುತ್ತಿದ್ದಾರೆ, ಸರ್.”

“ಯಾರಿಗೆ?”

ಕೇಳುತ್ತಲೇ ಅವರು ಎದ್ದು ಹೋಗಿ ಅಡುಗೆಮನೆಯ ಬಾಗಿಲಲ್ಲಿ ನಿಂತರು. ಒಳಗೆ ಹನಮಂತಪ್ಪ ಮಣೆಯ ಮೇಲೆ ಕುಳಿತು, ಉಬ್ಬಿದ ರೊಟ್ಟಿಯನ್ನು ಮುರಿದು ಎಣ್ಣೆಗಾಯಿಗೆ ಅದ್ದುತ್ತಿದ್ದ. ರಾಯರು ಕೇಳಿದರು: “ಇದನ್ನು ನಮಗೆ ಯಾಕೆ ಕೊಡಲಿಲ್ಲ, ಅಮ್ಮಾ?”

“ಇದು ದಿನಾ ಉಣ್ಣೂದರಿ ಸಾಹೇಬ್ರ. ನಿಮಗ ಕೊಡೂವಂಥಾದ್ದಲ್ಲ.”

“ನಮ್ಮವರು ಎರಡು ವಾರ ದಿನಾ ಉಣ್ಣಬೇಕಲ್ಲಮ್ಮಾ. ನಾನು ನೋಡಲು ಬಂದದ್ದು ಅದನ್ನೇ.”

ನೀಲವ್ವ ಬೇಡ ಬೇಡವೆನ್ನುತ್ತಿದ್ದಂತೆ ರಾಯರು ಪ್ಯಾಂಟು ಮೇಲೆಳೆದುಕೊಂಡು ಇನ್ನೊಂದು ಮಣೆಯ ಮೇಲೆ ಕುಳಿತರು. ಹನಮಂತಪ್ಪನೇ ಮೇಷ್ಟ್ರಾದ: “ಆರೂಕಿಂತ ಮೊದಲ ಬೆಣ್ಣಿ ಹಚ್ಚರಿ. ಹಿಂಡಿಗೆ ಮೊಸರ ಕಲಸ್ರಿ, ಇಲ್ಲಾಂದ್ರ ಖಾರ ಹತ್ತತೈತಿ.” ರಾಯರು ನಾಲ್ಕು ರೊಟ್ಟಿ ಉಂಡರು. ನೀಲವ್ವನ ಅಂಗೈಯಡಿ ಹಿಟ್ಟಿನ ಮುದ್ದೆ ಚಂದ್ರನಂತೆ ಅಗಲವಾಗುವುದನ್ನು ನೋಡುತ್ತಿದ್ದರು. ಎರಡು ತಿಂಗಳಿಂದ ಅಲ್ಲಿ ಚಪಾತಿ ತಿನ್ನುತ್ತಿದ್ದ ನಾನು ಬಾಗಿಲಲ್ಲಿ ನಿಂತು ಬಾಯಲ್ಲಿ ನೀರೂರಿಸಿಕೊಂಡೆ.

ಓಣಿ ದಾಟುವಾಗ ರಾಯರು ನನಗೆ ಹೇಳಿದರು: “ಆ ಚಪಾತಿ ಉಣ್ಣುತ್ತ ಮನಸ್ಸಿನಲ್ಲೇ ವರದಿಯ ಮೊದಲ ಸಾಲು ಬರೆದುಬಿಟ್ಟಿದ್ದೆ. ಇಲ್ಲಿಂದ ಕೇಂದ್ರ ಎತ್ತಬೇಕು ಅಂತ. ಈಗ ಅದನ್ನು ಹೊಡೆದುಹಾಕುತ್ತೇನೆ.” ಹೇಳಿದಂತೆಯೇ ಮಾಡಿದರು. ನಾನು ನಿವೃತ್ತನಾಗುವವರೆಗೂ ಕೇಂದ್ರ ಹುಬ್ಬಳ್ಳಿಯಲ್ಲೇ ಇತ್ತು, ನೀಲವ್ವನವರ ಖಾನಾವಳಿ ಪಟ್ಟಿಯಲ್ಲೇ ಇತ್ತು.

ಒಳ್ಳೆಯ ಊಟ ಎಲ್ಲಿದೆ ಎಂದು ಇವತ್ತಿಗೂ ನನ್ನನ್ನು ಕೇಳುವವರಿದ್ದಾರೆ. ದಿನವೂ ಅಲ್ಲೇ ಉಣ್ಣುವವರ ಪಕ್ಕದಲ್ಲಿ ಕುಳಿತು, ಅವರಿಗೆ ಬಡಿಸಿದ್ದನ್ನೇ ಉಂಡು ನೋಡಿ ಎನ್ನುತ್ತೇನೆ. ಆ ಹೆಣ್ಣುಮಗಳ ಕೈಗೆ ನನ್ನ ಸರ್ಟಿಫಿಕೇಟು ಬೇಕಿರಲಿಲ್ಲ. ನನ್ನ ಹೆದರಿಕೆಯನ್ನು ಆಕೆಗೂ ಹಂಚಿ ಆ ಕೈಯನ್ನು ಕಟ್ಟಿಹಾಕಿದವನು ನಾನು. ಇದು ನೆನಪಾದಾಗೆಲ್ಲ ಈಗಲೂ ನಾಚಿಕೆಯಾಗುತ್ತದೆ.

ರಾಯರು ಬಂದುಹೋದ ಮರುದಿನ ಎರಡೂವರೆಗೆ ಒಬ್ಬನೇ ಹೋದೆ. ಮೇಜುಗಳು ಮತ್ತೆ ತುಂಬಿದ್ದವು. ಹನಮಂತಪ್ಪ ಸರಿದು ಜಾಗ ಕೊಟ್ಟ. ನೀಲವ್ವ ಬಂದು, ಏನೂ ಕೇಳದೆ, ನನ್ನ ತಟ್ಟೆಗೆ ಎರಡು ಬಿಸಿ ರೊಟ್ಟಿ ಹಾಕಿದರು.

“ಇನ್ನ ನಿಮಗ ಚಪಾತಿ ಬಂದ್ ರೀ,” ಎಂದರು. “ನೀವು ಮನಿ ಮಂದಿ.”