ಗಂಗಮ್ಮನ ಕಣ್ಣಿಗೆ ಭಾರತಮ್ಮನ ಫೋಕಸ್

ಶಿವಾರಪಟ್ಟಣಕ್ಕೆ ಇನ್ನೂ ಸರಿಯಾಗಿ ಬೆಳಕು ಬಿದ್ದಿಲ್ಲ. ಶಿಲ್ಪಿ ಕೋದಂಡರಾಮಪ್ಪನವರ ಶೆಡ್ಡಿನಲ್ಲಿ ಮಾತ್ರ ಒಂದು ಬಲ್ಬು ಉರಿಯುತ್ತಿದೆ. ತಗಡಿನ ಚಾವಣಿಯ ಕೆಳಗೆ, ಮರದ ದಿಮ್ಮಿಗಳ ಮೇಲೆ, ಕರಿಕಲ್ಲಿನ ಗಂಗಮ್ಮ ಕೂತಿದ್ದಾಳೆ. ಮೂಗು, ತುಟಿ, ಕಿವಿಯ ಓಲೆ, ಹಣೆಯ ಬೊಟ್ಟು ಎಲ್ಲ ಆಗಿದೆ. ಕಣ್ಣಿನ ಜಾಗ ಮಾತ್ರ ಮೊಟ್ಟೆಯಷ್ಟು ನುಣ್ಣಗಿದೆ. ಅವಳ ಎದುರಿಗೆ ನಾಲ್ಕಡಿ ಬಿಟ್ಟು ಮೂರು ಕಾಲಿನ ಸ್ಟ್ಯಾಂಡು, ಅದರ ಮೇಲೊಂದು ಕ್ಯಾಮೆರಾ. ಸ್ಟ್ಯಾಂಡಿನ ಹಿಂದೆ ನಿಲ್ಲಬೇಕಾದ ಫೋಟೊಗ್ರಾಫರು ಅಲ್ಲಿಲ್ಲ. ಪಕ್ಕಕ್ಕೆ ಸರಿದು, ಕಂಬಕ್ಕೆ ಒರಗಿ, ಎಡಗೈಯಲ್ಲಿ ಸೆರಗಿನ ತುದಿಯನ್ನು ಮುಷ್ಟಿ ಮಾಡಿ ಹಿಡಿದು ನಿಂತಿದ್ದಾರೆ.

ಇವರೇ ಭಾರತಮ್ಮ. ಮಾಲೂರಿನ ಬಸ್ ಸ್ಟ್ಯಾಂಡ್ ಹತ್ತಿರ ಒಂದು ಪುಟ್ಟ ಸ್ಟುಡಿಯೊ ಇಟ್ಟುಕೊಂಡಿರುವ, ಅರವತ್ತರ ಹೊಸ್ತಿಲಲ್ಲಿರುವ ಹೆಂಗಸು. ಕುಳ್ಳಗೆ, ದುಂಡಗೆ, ವಾಯಿಲ್ ಸೀರೆಯ ಕೆಳಗೆ ಕ್ಯಾನ್ವಾಸ್ ಶೂ. "ಚಪ್ಪಲಿ ಹಾಕ್ಕೊಂಡು ಕಲ್ಲಿನ ಚೂರಿನ ಮೇಲೆ ನಿಂತ್ಕೊಳೋಕಾಗ್ತದಾ? ನೋಡೋರು ನಕ್ಕರೆ ನಗ್ಲಿ ಬಿಡಿ, ಕಾಲು ನಂದು" ಅನ್ನುತ್ತಾರೆ. ಬಸ್ಸಿನಲ್ಲಿ ಸ್ಟ್ಯಾಂಡಿನ ಚೀಲ ನೋಡಿದ ಕಂಡಕ್ಟರು, "ಏನಮ್ಮಾ ಇದು, ಟೊಮ್ಯಾಟೊಗೆ ಔಷಧಿ ಹೊಡಿಯೋ ಪಂಪಾ?" ಎಂದು ಕೇಳುವುದುಂಟಂತೆ. ಹೌದಪ್ಪ ಅಂದುಬಿಟ್ಟರೆ ಮಾತು ಬೇಗ ಮುಗಿಯುತ್ತದೆ ಎನ್ನುವುದು ಅವರು ಕಂಡುಕೊಂಡ ಉಪಾಯ.

ಹೊಟ್ಟೆಪಾಡಿಗೆ ಪಾಸ್‌ಪೋರ್ಟ್ ಫೋಟೊ, ನಾಮಕರಣ, ಕ್ಯಾಲನೂರಿನ ಹಾಲಿನ ಡೇರಿಯ ಸಭೆ, ಮಾವಿನ ಕಾಲದಲ್ಲಿ ಶ್ರೀನಿವಾಸಪುರದ ಮಂಡಿಯವರಿಗೆ ಹಣ್ಣಿನ ಪೆಟ್ಟಿಗೆಯ ಚಿತ್ರ, ಎಲ್ಲವೂ ಇದೆ. ಅವರ ಜೀವ ಇರುವುದು ಮಾತ್ರ ಇಲ್ಲಿ, ಈ ಶೆಡ್ಡಿನಲ್ಲಿ. ವಿಗ್ರಹಕ್ಕೆ ಕಣ್ಣು ತೆರೆಸಿದ ಕೂಡಲೇ ಅದರ ಮುಖದ ಫೋಟೊ ತೆಗೆಯುವುದು ಅವರ ತಂದೆ ಶ್ರೀನಿವಾಸಪ್ಪನವರು ಹಿಡಿದ ಕೆಲಸ, ಈಗ ಇವರದು. ಊರೂರಿನ ಗುಡಿಗಳಲ್ಲಿ ನಾವು ಕೈಮುಗಿಯುವ ಎಷ್ಟೋ ದೇವರುಗಳ ಮೊದಲ ಫೋಟೊ ತೆಗೆದವರು ಇವರು. ಒಂದರಲ್ಲೂ ಅವರ ಹೆಸರಿಲ್ಲ.

ಫೋಟೊ ಯಾಕೆ ಬೇಕು? ಕೋದಂಡರಾಮಪ್ಪನವರನ್ನೇ ಕೇಳಬೇಕು. "ನಾನು ತಿಂಗಳುಗಟ್ಲೆ ಕೂತು ಕಣ್ಣು ಮೂಗು ತಿದ್ತೀನಾ? ಗುಡಿಗೆ ಹೋದ್ಮೇಲೆ ಅದಕ್ಕೆ ಎಣ್ಣೆ, ಗಂಧ, ಹೂವು. ಅದರ ಮೇಲೆ ಬೆಳ್ಳಿ ಕಣ್ಣು ಅಂಟಿಸ್ಬಿಡ್ತಾರೆ. ನಾನೂ ಎಲ್ಲರ ಜೊತೆ ಲೈನಲ್ಲಿ ನಿಂತು ನೋಡಿದ್ರೆ ನಾನು ಕೊಟ್ಟ ಕಣ್ಣು ಎಲ್ಲಿ ಸ್ವಾಮಿ? ಭಾರತಮ್ಮನ ಫೋಟೊದಾಗೆ ಮಾತ್ರ ಐತೆ." ಮಾಡಿದವನಿಗೆ ಉಳಿಯುವುದು ಗೋಡೆಯ ಮೇಲಿನ ಮುಖ ಅಷ್ಟೇ. ಶೆಡ್ಡಿನ ಒಳಗೋಡೆಯ ತುಂಬ ಅಂಥ ಮುಖಗಳಿವೆ.

ಈ ಶೆಡ್ಡಿನದು ಒಂದು ಕಟ್ಟುನಿಟ್ಟಿನ ಪದ್ಧತಿ. ಹೊಸದಾಗಿ ಕಣ್ಣು ಬಿಟ್ಟ ದೇವರ ಎದುರಿಗೆ ಮನುಷ್ಯರು ನಿಲ್ಲುವ ಹಾಗಿಲ್ಲ. ಶಿಲ್ಪಿಯೂ ಪಕ್ಕದಿಂದಲೇ ಉಳಿ ಆಡಿಸುತ್ತಾರೆ. ಮೊದಲ ನೋಟ ಕನ್ನಡಿಗೆ, ಆಮೇಲೆ ಕ್ಯಾಮೆರಾಕ್ಕೆ. "ಅದೂ ಗಾಜೇ ತಾನೆ" ಎಂದು ಹಿಂದೆ ಕೋದಂಡರಾಮಪ್ಪನವರ ತಂದೆ ಒಪ್ಪಿಗೆ ಕೊಟ್ಟರಂತೆ. ಅಷ್ಟಾದ ಮೇಲೆ ಬಿಳಿ ಬಟ್ಟೆ ಸುತ್ತಿ ಹುಲ್ಲಿನಲ್ಲಿ ಮಲಗಿಸಿಬಿಟ್ಟರೆ ಮುಗಿಯಿತು. ಊರವರು ಗಾಡಿ ತಂದು ಒಯ್ಯುತ್ತಾರೆ. ಹಾಗಾಗಿ ಫೋಟೊಗ್ರಾಫರು ಕ್ಯಾಮೆರಾದ ಹಿಂದೆ ಕಣ್ಣಿಟ್ಟು ಫೋಕಸ್ ಮಾಡುವ ಪ್ರಶ್ನೆಯೇ ಇಲ್ಲ. ಶ್ರೀನಿವಾಸಪ್ಪನವರು ಮೊದಲೇ ಅರಿಶಿನದ ದಾರ ಹಿಡಿದು, ಲೆನ್ಸಿನಿಂದ ವಿಗ್ರಹದ ರೆಪ್ಪೆಯವರೆಗೆ ಅಳೆದು, ಲೆನ್ಸಿನ ರಿಂಗನ್ನು ಅಷ್ಟಕ್ಕೆ ತಿರುಗಿಸಿಟ್ಟು ಪಕ್ಕಕ್ಕೆ ಸರಿಯುತ್ತಿದ್ದರು.

ಆ ಲೆನ್ಸಿಗೂ ಒಂದು ಕಥೆಯಿದೆ. ಹರೆಯದಲ್ಲಿ ಶ್ರೀನಿವಾಸಪ್ಪ ಕ್ಯಾಲನೂರಿನ ಹಿಪ್ಪುನೇರಳೆ ತೋಟ ಬಿಟ್ಟು ಚಿನ್ನದ ಗಣಿಯ ಕಡೆ ಒಂದು ಸ್ಟುಡಿಯೊದಲ್ಲಿ ಫಿಲಂ ತೊಳೆಯುವ ಕೆಲಸಕ್ಕೆ ಸೇರಿದ್ದರು. ಊರಿಗೆ ಹೊರಟ ಗಣಿಯ ಅಧಿಕಾರಿಯೊಬ್ಬರು ತಮ್ಮ ರೇಂಜ್‌ಫೈಂಡರ್ ಕ್ಯಾಮೆರಾವನ್ನು ಇವರ ಕೈಗಿಟ್ಟು ಹೋದರು. ಅದರ ಕಿಂಡಿಯಲ್ಲಿ ನೋಡಿದರೆ ಒಂದೇ ಮುಖ ಎರಡಾಗಿ ಕಾಣುತ್ತದೆ. ರಿಂಗು ತಿರುಗಿಸುತ್ತ ಹೋದರೆ ಎರಡೂ ಬಂದು ಒಂದರ ಮೇಲೊಂದು ಕೂರುತ್ತವೆ. ಕೂತರೆ ಫೋಕಸ್ ಸರಿ. ಭಾರತಮ್ಮ ಹುಡುಗಿಯಾಗಿದ್ದಾಗ ಬೀದಿಯಲ್ಲಿ ಹೋಗುವ ಬರುವವರನ್ನೆಲ್ಲ ಹೀಗೆ ಎರಡು ಮಾಡಿ ಒಂದು ಮಾಡುತ್ತ ಕೂರುತ್ತಿದ್ದರಂತೆ.

ಆ ಕ್ಯಾಮೆರಾದ ಒಳಗಿನ ಬಟ್ಟೆ ಪರದೆ, ಅಂದರೆ ಶಟರ್, ಎಂದೋ ಹರಿದು ಹೋಯಿತು. ಲೆನ್ಸು ಮಾತ್ರ ಕಲ್ಲುಗುಂಡಿನ ಹಾಗೆ ಉಳಿದಿದೆ. ಕರಿಕಲ್ಲಿನ ಮೇಲೆ ಫ್ಲಾಶ್ ಹೊಡೆದರೆ ಕೆನ್ನೆಯೆಲ್ಲ ಮಿಂಚಿ ಮುಖ ಕೆಡುತ್ತದೆ. ಈ ಲೆನ್ಸು ಒಂದು ಬಲ್ಬಿನ ಬೆಳಕಿದ್ದರೂ ಸಾಕು, ಕಲ್ಲಿನ ನುಣುಪನ್ನೂ ಮೆತ್ತಗೆ ತೋರಿಸುತ್ತದೆ. ಅದಕ್ಕೇ ಭಾರತಮ್ಮ ಕನ್ನಡಿಯಿಲ್ಲದ ಹೊಸ ಕಾಲದ ಮಿರರ್‌ಲೆಸ್ ಕ್ಯಾಮೆರಾ ಕೊಂಡಾಗಲೂ ಅದರ ಜೊತೆ ಬಂದ ಲೆನ್ಸನ್ನು ಪಾಸ್‌ಪೋರ್ಟ್ ಫೋಟೊಗೆ ಇಟ್ಟುಕೊಂಡು, ಇಲ್ಲಿಗೆ ಅಪ್ಪನ ಲೆನ್ಸನ್ನೇ ಬಳೆಯಂಥ ಒಂದು ಸಾದಾ ಲೋಹದ ಸುತ್ತಿನ ಮೂಲಕ ಜೋಡಿಸಿ ತರುತ್ತಿದ್ದರು. ದಾರ ಹಿಡಿಯುವುದು, ಪರದೆಯ ಮೇಲೆ ದೊಡ್ಡದು ಮಾಡಿ ನೋಡುವುದು, ರಿಂಗು ತಿರುಗಿಸುವುದು. ಎಷ್ಟೋ ವರ್ಷ ಹೀಗೇ ನಡೆಯಿತು.

ಆಮೇಲೆ ಕಣ್ಣು ಕೈಕೊಟ್ಟಿತು. ಎರಡೂ ಕಣ್ಣಿಗೆ ಪೊರೆ. "ಆವಾಗ ಎರಡು ಮುಖ ಒಂದು ಮಾಡೋಕೆ ಕಿಂಡಿ ನೋಡ್ಬೇಕಿತ್ತು. ಈಗ ಬರೀ ಕಣ್ಣಲ್ಲಿ ನೋಡಿದ್ರೂ ಬೀದಿ ದೀಪ ಎರಡೆರಡು!" ಎಂದು ಅವರು ತಮಾಷೆ ಮಾಡುತ್ತಾರೆ. ನಗುತ್ತ ಹೇಳಿದರೂ ಒಳಗೊಳಗೆ ಎಷ್ಟು ಕುಗ್ಗಿಹೋಗಿದ್ದರು ಎಂಬುದು ಅವರ ತಂಗಿಯ ಮಗಳು ಅನಿತಾಗೆ ಗೊತ್ತು. ಸ್ಟುಡಿಯೊದ ಕಂಪ್ಯೂಟರ್ ಕೆಲಸವೆಲ್ಲ ಅನಿತಾಳದೇ. ಆಕೆಯೇ ಹುಡುಕಿ ತರಿಸಿದ್ದು ಆಟೊಫೋಕಸ್ ಅಡಾಪ್ಟರ್. ಹಳೆಯ ಲೆನ್ಸಿಗೂ ಹೊಸ ಕ್ಯಾಮೆರಾಕ್ಕೂ ನಡುವೆ ಕೂರುವ ದಪ್ಪ ಬಳೆ ಅದು. ಹೊಟ್ಟೆಯೊಳಗೆ ಪುಟ್ಟ ಮೋಟಾರು. ಲೆನ್ಸಿಗೆ ತಾನಾಗಿ ಏನೂ ತಿಳಿಯದು, ಆದರೆ ಈ ಮೋಟಾರು ಇಡೀ ಲೆನ್ಸನ್ನೇ ಹಿಂದೆ ಮುಂದೆ ಸರಿಸುತ್ತ ಮುಖವನ್ನು ಹಿಡಿಯುತ್ತದೆ. ಒಂದೇ ಕಟ್ಟಳೆ: ಲೆನ್ಸಿನ ರಿಂಗನ್ನು ದೂರದ ಗುರುತಿಗೆ ಇಟ್ಟು ಮತ್ತೆ ಮುಟ್ಟಬಾರದು.

"ದೊಡ್ಡಮ್ಮಾ, ನೀವು ಸುಮ್ನೆ ಬಟನ್ ಒತ್ತಿ, ಮಿಕ್ಕಿದ್ದು ಅದೇ ನೋಡ್ಕೊಳ್ತದೆ" ಎಂದಿದ್ದಳು ಅನಿತಾ.

"ಸುಮ್ನೆ ಬಟನ್ ಒತ್ತೋಕೆ ನಾನ್ಯಾಕೆ ಬೇಕೇ? ಲಿಫ್ಟಿಗೆ ಹೋಗಿ ನಿಂತ್ಕೋತೀನಿ" ಎಂದು ಭಾರತಮ್ಮ ಮುಖ ಊದಿಸಿಕೊಂಡರು. ಆದರೂ ಬಳೆ ಹಾಕಿಕೊಂಡೇ ಈ ಶೆಡ್ಡಿಗೆ ಬಂದರು. ಅವತ್ತು ಇದ್ದದ್ದು ವೇಣುಗೋಪಾಲ.

ಅವತ್ತೇ ಆಗಬಾರದ್ದು ಆಯಿತು. ಮೋಟಾರು ಗುರ್ ಎಂದು ಸರಿದು ದೇವರ ಮುಖವನ್ನು ಹಿಡಿಯಿತು. ಅಷ್ಟರಲ್ಲಿ ಇಷ್ಟು ವರ್ಷ ರಿಂಗು ತಿರುಗಿಸಿದ ಎಡಗೈ ಸುಮ್ಮನಿರಬೇಕಲ್ಲ! ಯಾರೂ ಹೇಳದೆ ಕೇಳದೆ ಹೋಗಿ ರಿಂಗನ್ನು ತಿರುಗಿಸಿಬಿಟ್ಟಿತು. ಲೆನ್ಸು ಹತ್ತಿರದ ಗುರುತಿಗೆ ಕಟ್ಟುಬಿತ್ತು. ಮೋಟಾರು ಎಷ್ಟು ತಡಕಾಡಿದರೂ ನಾಲ್ಕಡಿ ದೂರದ ಮುಖ ಅದರ ಕೈಗೆ ಎಟುಕಲಿಲ್ಲ. ಪರದೆ ಮಂಜಾಗಿ ಕಂಡದ್ದು ತನ್ನ ಕಣ್ಣಿನ ಮಂಜೇ ಅಂದುಕೊಂಡರು ಭಾರತಮ್ಮ. ವೇಣುಗೋಪಾಲನನ್ನು ಬಟ್ಟೆ ಸುತ್ತಿ ಕಳಿಸಿದ್ದಾಯಿತು. ಕೋದಂಡರಾಮಪ್ಪನವರು ಫೋಟೊ ನೋಡಿ, "ಶಾನೆ ಚೆನ್ನಾಗಿ ಬಂದೈತೆ ಕಣಮ್ಮಾ" ಎಂದು ಗೋಡೆಗೆ ಹಾಕಿಯೂಬಿಟ್ಟರು.

ಎಷ್ಟೋ ದಿನದ ಮೇಲೆ ಅನಿತಾ ತಡೆಯಲಾರದೆ ಬಾಯಿಬಿಟ್ಟಳು. ಫೋಟೊದಲ್ಲಿ ಕಣ್ಣೂ ಇಲ್ಲ, ಕೊಳಲೂ ಇಲ್ಲ, ಎಲ್ಲ ಬರೀ ಹೊಗೆ.

"ಕೋದಂಡರಾಮಪ್ಪಣ್ಣ ನನ್ನ ಮನಸ್ಸು ನೋಯಬಾರ್ದು ಅಂತ ಸುಳ್ಳು ಹೇಳಿದ್ರು. ಅವರು ಆರು ತಿಂಗಳು ಕೆತ್ತಿದ ಮುಖ, ನಾನು ಒಂದು ಗಳಿಗೇಲಿ ಕಳೆದುಬಿಟ್ಟೆ" ಎನ್ನುತ್ತಾರೆ ಭಾರತಮ್ಮ. ಆ ಫೋಟೊ ತೆಗೆದುಹಾಕಿ ಎಂದು ಬೇಡಿಕೊಂಡರೂ ಕೋದಂಡರಾಮಪ್ಪ ತೆಗೆದಿಲ್ಲ.

ಇವತ್ತಿನ ಗಂಗಮ್ಮನ ಮಾತೇ ಬೇರೆ. ಕೋದಂಡರಾಮಪ್ಪನವರ ಕೈ ನಡುಗಲು ಶುರುವಾಗಿದೆ. ಇನ್ನು ಮುಂದೆ ಕಣ್ಣು ತೆರೆಸುವ ಕೆಲಸ ಮಗ ಶಿವಶಂಕರನದು. ಇದೇ ತಮ್ಮ ಕೊನೆಯದು ಎಂದು ಅವರು ಹೇಳಿಯಾಗಿದೆ. ಮುಳಬಾಗಿಲು ಕಡೆಯ ಒಂದು ಊರಿನವರು ಪ್ರತಿಷ್ಠೆಗೆ ದಿನ ನೋಡಿದ್ದಾರೆ. ಭಾರತಮ್ಮನ ಕಣ್ಣಿನ ಆಪರೇಶನ್ನಿಗೂ ಡಾಕ್ಟರು ಕರೆದಿದ್ದರು. ಆಪರೇಶನ್ ಆದರೆ ಕಲ್ಲಿನ ಧೂಳಿನ ಹತ್ತಿರ ಬಹಳ ದಿನ ಸುಳಿಯುವ ಹಾಗಿಲ್ಲ. "ಗಂಗಮ್ಮ ಆಗ್ಲಿ, ಆಮೇಲೆ ಬತ್ತೀನಿ" ಎಂದು ಮುಂದಕ್ಕೆ ಹಾಕಿಸಿಕೊಂಡು ಬಂದಿದ್ದಾರೆ. ಅನಿತಾ ಇವತ್ತು ಶ್ರೀನಿವಾಸಪುರದಲ್ಲಿ ಒಂದು ಮದುವೆಗೆ ಹೋಗಿದ್ದಾಳೆ. ಅಪ್ಪನ ಮಾತಿಗೆ ತಲೆಯಾಡಿಸುವ ಶಿವಶಂಕರನನ್ನು ಬಿಟ್ಟರೆ, ಫೋಟೊ ಸರಿಯಾಗಿ ಬಂತೋ ಇಲ್ಲವೋ ಎಂದು ನೋಡಿ ಹೇಳಲು ಇರುವವರು ಸುಳ್ಳು ಹೇಳುವ ಕೋದಂಡರಾಮಪ್ಪ ಒಬ್ಬರೇ!

ಶಿವಶಂಕರ ಕನ್ನಡಿ ಹಿಡಿದು ತಯಾರಾಗುತ್ತಾನೆ. ಭಾರತಮ್ಮ ರಿಂಗು ದೂರದ ಗುರುತಿಗೆ ಇದೆಯೇ ಎಂದು ಬೆರಳಲ್ಲೇ ಮುಟ್ಟಿ ನೋಡಿ, ಪಕ್ಕಕ್ಕೆ ಹೋಗಿ, ಬಲಗೈಗೆ ತಂತಿಯ ಬಟನ್ ತೆಗೆದುಕೊಳ್ಳುತ್ತಾರೆ. ಎಡಗೈಗೆ ಸೆರಗು. "ಇದಕ್ಕೆ ಏನಾದ್ರೂ ಹಿಡಿಯೋಕೆ ಕೊಡ್ಬೇಕು. ಇಲ್ಲಾಂದ್ರೆ ಕಳ್ಳ ಬೆಕ್ಕಿನಂಗೆ ಲೆನ್ಸ್ ಹತ್ರ ಹೋಗ್ತದೆ" ಎಂದು ಪಿಸುಗುಡುತ್ತಾರೆ.

ಪರೀಕ್ಷೆಗೆಂದು ಬಟನ್ ಅರ್ಧ ಒತ್ತುತ್ತಾರೆ. ಗುರ್. ಲೆನ್ಸು ಮುಂದೆ ಬರುತ್ತದೆ, ಹಿಂದೆ ಹೋಗುತ್ತದೆ, ಮತ್ತೆ ಮುಂದೆ ಬರುತ್ತದೆ. ನುಣ್ಣನೆಯ ಕರಿಕಲ್ಲಿನಲ್ಲಿ ಅದಕ್ಕೆ ಹಿಡಿದುಕೊಳ್ಳಲು ಏನೂ ಸಿಗುತ್ತಿಲ್ಲ. ಭಾರತಮ್ಮನ ಎಡಗೈ ಸೆರಗಿನೊಳಗೇ ತಿರುಗುತ್ತಿದೆ, ಪಾಪ. ಒಂದು ಹೆಜ್ಜೆ ಮುಂದೆ ಇಟ್ಟೂಬಿಡುತ್ತಾರೆ.

"ನಿಲ್ಲಮ್ಮಾ" ಎನ್ನುತ್ತಾರೆ ಕೋದಂಡರಾಮಪ್ಪ, ತಿರುಗಿ ನೋಡದೆ. "ಕಣ್ಣೇ ಇಲ್ಲದೆ ಅದು ಏನು ನೋಡ್ತದೆ? ನಾನು ಮಾಡೋಗಂಟ ತಡಿ."

ಉಳಿ ತೆಗೆದುಕೊಳ್ಳುತ್ತಾರೆ. ನಡುಗುವ ಬಲಗೈಯನ್ನು ಉಳಿ ಹಿಡಿದ ಎಡಗೈಯ ಮಣಿಕಟ್ಟಿಗೆ ಒತ್ತಿ ಹಿಡಿದು ಸುತ್ತಿಗೆ ಆಡಿಸುತ್ತಾರೆ. ಟಿಕ್, ಟಿಕ್. ಮಳೆಹನಿಗಿಂತ ಸಣ್ಣ ಸದ್ದು. ಬಲಗಣ್ಣು ಆಯಿತು. ಎಡಗಣ್ಣಿನ ಹತ್ತಿರ ಒಂದು ಏಟಿಗೆ ಅವರು ಉಸಿರು ಬಿಗಿಹಿಡಿದು ನಿಲ್ಲುತ್ತಾರೆ, ಮತ್ತೆ ಮುಂದುವರಿಸುತ್ತಾರೆ. ಹೊಸದಾಗಿ ಕೆತ್ತಿದ ಗೆರೆ ಕರಿಕಲ್ಲಿನ ಮೇಲೆ ಬೆಳ್ಳಗೆ ಏಳುತ್ತದೆ. ಶಿವಶಂಕರ ಕನ್ನಡಿ ತೋರಿಸಿ ಸರಿಯುತ್ತಾನೆ.

ಭಾರತಮ್ಮ ಬಟನ್ ಒತ್ತುತ್ತಾರೆ. ಗುರ್ ಎಂದ ಮೋಟಾರು ಒಂದೇ ಸಲಕ್ಕೆ ನಿಲ್ಲುತ್ತದೆ. ಪಕ್ಕಕ್ಕೆ ತಿರುಗಿಸಿಟ್ಟ ಪರದೆಯ ಮೇಲೆ, ಫೋಕಸ್ ಸಿಕ್ಕಿತು ಎನ್ನುವ ಒಂದು ಹಸಿರು ಚೌಕ. ಪೊರೆ ಬಂದ ಕಣ್ಣಿಗೂ ಅಷ್ಟು ಕಾಣುತ್ತದೆ. ಕ್ಲಿಕ್. ಇನ್ನೊಮ್ಮೆ, ಮತ್ತೊಮ್ಮೆ. ಶಿವಶಂಕರ ಬಿಳಿ ಬಟ್ಟೆಯನ್ನು ಗಂಗಮ್ಮನ ಮುಖದ ಮೇಲೆ ಇಳಿಬಿಡುತ್ತಾನೆ.

ಭಾರತಮ್ಮ ಸ್ಟ್ಯಾಂಡಿನಿಂದ ಕ್ಯಾಮೆರಾ ಬಿಚ್ಚಿ ಕೋದಂಡರಾಮಪ್ಪನವರ ಕೈಗಿಡುತ್ತಾರೆ. "ನೋಡಿ ಹೇಳಿ ಅಣ್ಣಾ."

"ಚೆನ್ನಾಗೈತೆ."

"ಹೋದ ಸಾರಿನೂ ಅಂಗೇ ಅಂದ್ರಿ. ನನ್ನಾಣೆಗೂ ನಿಜ ಹೇಳಿ. ಇದೂ ಹೋಗಿದ್ರೆ ನಾನು ಇನ್ನು ಈ ಶೆಡ್ಡಿಗೆ ಕಾಲಿಡಲ್ಲ."

ಕೋದಂಡರಾಮಪ್ಪ ಜೇಬಿನಿಂದ ಕನ್ನಡಕ ತೆಗೆದು ಹಾಕಿಕೊಳ್ಳುತ್ತಾರೆ. ಭಾರತಮ್ಮ ತೋರಿಸಿಕೊಟ್ಟ ಗುಂಡಿ ಒತ್ತಿ ಮುಖವನ್ನು ದೊಡ್ಡದು ಮಾಡುತ್ತಾರೆ, ಇನ್ನೂ ದೊಡ್ಡದು ಮಾಡುತ್ತಾರೆ. ಆಮೇಲೆ ಬಾಯಿಂದ ತೆಲುಗು ಬರುತ್ತದೆ: "ಅಯ್ಯಯ್ಯೋ, ಏಮಿ ಪನಿ ಚೇಸ್ತಿನಿ!" ಎಂಥ ಕೆಲಸ ಮಾಡಿಬಿಟ್ಟೆ ಎಂದು.

ಭಾರತಮ್ಮ ಪರದೆಯ ಕಡೆ ಬಗ್ಗುತ್ತಾರೆ. "ಯಾಕಣ್ಣಾ? ಹೋಯ್ತಾ?"

"ನಿಂದಲ್ಲಮ್ಮಾ, ನಂದು. ಎಡಗಣ್ಣಿನ ತುದೀಲಿ ಉಳಿ ಒಂಚೂರು ಜಾರಿತ್ತು. ಎಳ್ಳಿನ ಮೂತಿಯಷ್ಟೂ ಇಲ್ಲ. ಕೈಗೆ ಗೊತ್ತಾಯ್ತು, ಕಲ್ಲು ನೋಡಿದ್ರೆ ಕಣ್ಣಿಗೆ ಸಿಗಲಿಲ್ಲ. ಇಲ್ಲಿ ನೋಡು, ಕೂದಲಿನಂಗೆ ಕಾಣ್ತಾ ಐತೆ!" ಅವರಿಗೆ ನಾಚಿಕೆಯೂ ನಗುವೂ ಒಟ್ಟಿಗೆ. ಸಾಣೆಕಲ್ಲಿನ ಚೂರು ಹುಡುಕಿ, ಬಟ್ಟೆಯ ಅಂಚಿನ ಕೆಳಗೆ ಪಕ್ಕದಿಂದಲೇ ಕೈತೂರಿಸಿ, ಗಂಗಮ್ಮನ ಕಣ್ಣಂಚನ್ನು ಮಗುವಿನ ಮುಖ ಒರೆಸುವ ಹಾಗೆ ಮೆಲ್ಲಗೆ ಉಜ್ಜುತ್ತಾರೆ. ಉಜ್ಜುತ್ತಲೇ ಹೇಳುತ್ತಾರೆ, "ಅನಿತಾಗೆ ಹೇಳಮ್ಮಾ, ಫೋಟೊದಾಗೆ ಅದನ್ನ ಅಳಿಸ್ಬೇಡ ಅಂತ."

ಭಾರತಮ್ಮ ಅಲ್ಲೇ ಕಲ್ಲಿನ ಚಪ್ಪಡಿಯ ಮೇಲೆ ಕೂತುಬಿಡುತ್ತಾರೆ. ಸೆರಗು ಹಿಡಿದ ಮುಷ್ಟಿ ಈಗ ಸಡಿಲವಾಗಿದೆ. ಅದರಲ್ಲೇ ಕಣ್ಣೊರೆಸಿಕೊಂಡು ನಗುತ್ತಾರೆ.

"ನೀವು ಹೊಗಳಿದ್ರೆ ನಾನು ನಂಬ್ತಿರಲಿಲ್ಲ ಅಣ್ಣಾ. ಕೂದಲಿನಂಥ ನಿಮ್ಮ ತಪ್ಪೂ ಫೋಟೊದಲ್ಲಿ ಸಿಕ್ತಲ್ಲ, ಸಾಕು. ಇನ್ನು ನೆಮ್ಮದಿಯಾಗಿ ಆಪರೇಶನ್‌ಗೆ ಹೋಗ್ತೀನಿ."