ಸಾಬಮ್ಮನ ಹಿತ್ತಲಿನ ಸಿಳ್ಳೆ

ಹಕ್ಕಿ ನೋಡುತ್ತ ಕೂರುವುದೂ ಒಂದು ಕೆಲಸ ಎಂದು ಹಿರೋಳ್ಳಿಯಲ್ಲಿ ಯಾರೂ ಎಣಿಸುತ್ತಿರಲಿಲ್ಲ. ಸಾಬಮ್ಮ ಮಾತ್ರ ಹನ್ನೆರಡು ವರ್ಷ ಅದನ್ನು ನೇಮದಿಂದ ಮಾಡಿದಳು. ಬೆಳಿಗ್ಗೆ ರೊಟ್ಟಿ ಬಡಿದು, ಅಂಗಳ ಸಾರಿಸಿ, ಜೋಳದ ಮೊರ ಹಿಡಿದು ಹಿತ್ತಲ ಬಾಗಿಲಿನ ಹೊಸ್ತಿಲಿಗೆ ಬಂದು ಕುಳಿತಳೆಂದರೆ ಬಿಸಿಲು ನೆತ್ತಿಗೇರುವ ತನಕ ಏಳುತ್ತಿರಲಿಲ್ಲ. ಸಂಜೆ ಮತ್ತೆ ಅಲ್ಲೇ. ಬೇರೆ ಯಾವ ಹೆಂಗಸು ಹೀಗೆ ಕುಳಿತಿದ್ದರೂ ಊರು ಅವಳನ್ನು ಹುಚ್ಚಿ ಎನ್ನುತ್ತಿತ್ತು. ಇವಳ ವಿಷಯದಲ್ಲಿ ಬಾಯಿ ಮುಚ್ಚಿಕೊಂಡಿತ್ತು, ಯಾಕೆಂದರೆ ಅವಳು ಕುಳಿತದ್ದು ಹಕ್ಕಿಗಾಗಿ ಅಲ್ಲ ಎಂದು ಎಲ್ಲರಿಗೂ ಗೊತ್ತಿತ್ತು.

ಅವಳ ಗಂಡ ಧರ್ಮಣ್ಣ ಕುರಿ ಕಾಯುವವನು. ಎಪ್ಪತ್ತೆಂಟರ ದಸರಾ ಮುಗಿದ ಮೇಲೆ ಜೊತೆಗಾರರೊಂದಿಗೆ ಮಂದೆ ಹೊಡೆದುಕೊಂಡು ಗಡಿಯಾಚೆ ಮೇವಿಗೆ ಹೋದ. ಮಳೆಗಾಲಕ್ಕೆ ಕುರಿಗಳು ಬಂದವು, ಜೊತೆಗಾರರು ಬಂದರು, ಅವನು ಬರಲಿಲ್ಲ. ಯುಗಾದಿಯ ಹಿಂದುಮುಂದು ಒಂದು ಬೆಳಿಗ್ಗೆ ಎದ್ದು ನೋಡಿದರೆ ಕಂಬಳಿ ಇತ್ತು, ಅವನಿರಲಿಲ್ಲ ಎಂದು ಅವರು ಹೇಳಿದರು. ಆ ಕಂಬಳಿಯನ್ನು ಮಡಿಸಿ ತಂದು ಸಾಬಮ್ಮನ ಕೈಗಿಟ್ಟು, ಮುಖ ನೋಡಲಾರದೆ ಹೊರಟುಹೋದರು. ಪೊಲೀಸರಿಗೆ ಹೇಳಿದ್ದಾಯಿತು, ದರ್ಗಾಕ್ಕೆ ಹರಕೆ ಹೊತ್ತದ್ದಾಯಿತು. ಎಲ್ಲಿಂದಲೂ ಸುದ್ದಿ ಬರಲಿಲ್ಲ.

ಧರ್ಮಣ್ಣ ಮನೆಗೆ ಯಾವತ್ತೂ ಮುಂಬಾಗಿಲಿನಿಂದ ಬಂದವನಲ್ಲ. ಕುರಿ ಹಟ್ಟಿ ಇದ್ದದ್ದು ಹಿತ್ತಲ ಕಲ್ಲುಗೋಡೆಯಾಚೆ. ಅಲ್ಲಿ ನಿಂತು ಒಂದು ಸಿಳ್ಳೆ ಹಾಕುತ್ತಿದ್ದ. ಮೂರು ಗಿಡ್ಡ, ಕೊನೆಗೊಂದು ಉದ್ದ. ಆ ಉದ್ದದ್ದು ಮೇಲಕ್ಕೆ ಏರಿ ನಿಲ್ಲುತ್ತಿತ್ತು. ಕೇಳಿದ್ದೇ ಸಾಬಮ್ಮ ಹಿತ್ತಾಳೆ ತಂಬಿಗೆಯಲ್ಲಿ ನೀರು ತಂದು ಗೋಡೆಯಾಚೆಗೆ ಇಡಬೇಕು. ಅವನು ಮುಖ ತೊಳೆದು, ಉಳಿದದ್ದನ್ನು ಗಟಗಟ ಕುಡಿದು, ಗೋಡೆ ಹಾರಿ ಬರುವನು. ಹತ್ತು ವರ್ಷದ ಸಂಸಾರದಲ್ಲಿ ಅವರಿಬ್ಬರ ನಡುವೆ ಪ್ರೀತಿಯ ಮಾತು ಎಂದು ಆಡಿದ್ದು ಅಷ್ಟೇ. ಮಕ್ಕಳಾಗಲಿಲ್ಲ.

ಮೊದಮೊದಲು ಅವಳಿಗೆ ಹಿತ್ತಲಲ್ಲಿ ಗೋಡೆಯೊಂದೇ ಕಾಣುತ್ತಿತ್ತು. ಆದರೆ ಅಲುಗಾಡದೆ ಕುಳಿತವರನ್ನು ಹಕ್ಕಿಗಳು ಕಲ್ಲೆಂದೇ ತಿಳಿಯುತ್ತವೆ. ಗುಬ್ಬಿ ಬಂತು, ಗೊರವಂಕ ಬಂತು, ಏಳೆಂಟು ಮಂದಿ ಕೂಡಿ ಜಗಳವಾಡುವ ಹರಟೆಮಲ್ಲಗಳು ಬಂದವು. ಬೇವಿನ ಕೆಳಗೆ ಅವಳು ನುಚ್ಚು ಚೆಲ್ಲಿದಳು, ಒಡೆದ ಗಡಿಗೆಯ ಬೋಕಿಯಲ್ಲಿ ನೀರಿಟ್ಟಳು. ಒಂದೆರಡು ವರ್ಷ ಕಳೆಯುವುದರೊಳಗೆ ಯಾವ ಕಾಗೆ ಯಾವ ಕಾಗೆಯ ಹೆಂಡತಿ ಎನ್ನುವುದೂ ಅವಳಿಗೆ ತಿಳಿದಿತ್ತು. ಊರಿನ ಹೆಂಗಸರ ಬಗ್ಗೆ ಅಷ್ಟು ಆಸಕ್ತಿ ತೋರಿಸಿದ್ದರೆ ಜಗಳವಾಗಿರುತ್ತಿತ್ತು. ಹಕ್ಕಿಗಳು ಏನೂ ಅನ್ನಲಿಲ್ಲ.

ಎಂಬತ್ತೊಂಬತ್ತರಲ್ಲಿ ಪಕ್ಕದ ಮನೆಗೆ ಉರ್ದು ಶಾಲೆಯಲ್ಲಿ ಕಲಿಸುವ ಅಕ್ಕೋರು ಅಮೀರುನ್ನಿಸಾ ಬಾಡಿಗೆಗೆ ಬಂದಳು. ಇಪ್ಪತ್ತಾರರ ಹುಡುಗಿ. ಎಲ್ಲವನ್ನೂ ಕೇಳುವ, ಕೇಳಿದ್ದನ್ನೆಲ್ಲ ವಹಿಯಲ್ಲಿ ಬರೆದುಕೊಳ್ಳುವ ಸ್ವಭಾವ. ಬಂದ ಮೊದಲ ವಾರವೇ ಗಿಡ್ಡ ಗೋಡೆ ದಾಟಿ ಸಾಬಮ್ಮನ ಹೊಸ್ತಿಲಿಗೆ ಬಂದು ಕುಳಿತಳು. ಹಕ್ಕಿಗಳೆಲ್ಲ ಹಾರಿಹೋದವು.

"ನಾ ಏನ್ ಮಾಡ್ದೆ ಕಾಕಿ?" ಎಂದಳು.

"ಅವುನ್ನ ನೆಟ್ಟಗ ನೋಡ್ದಿ. ನೆಟ್ಟಗ ನೋಡಾದು ಬೆಕ್ಕು, ಗಿಡುಗ," ಎಂದಳು ಸಾಬಮ್ಮ. "ನೆಲಾ ನೋಡು. ಕಣ್ಣಿನ ಮೂಲಿಯೊಳಗ ಅವು ಬರ್ತಾವ. ದಿನಾ ಒಂದೇ ಜಾಗಾ, ಒಂದೇ ಬಣ್ಣದ ಅರಬಿ ಉಟ್ಕೊಂಡು ಕೂಡು. ನೀರ್ ಆಳ ಇಡಬ್ಯಾಡ, ಬೆರಳು ಮುಳುಗೋವಷ್ಟು ಸಾಕು. ಮತ್ತ ದಿನಾ ಚೆಲ್ಲಿ ಹೊಸಾದು ಹಾಕು."

ಅಕ್ಕೋರು ಇದನ್ನೆಲ್ಲ ಬರೆದುಕೊಂಡಳು. ತಿಂಗಳೊಳಗೆ ಅವಳ ಭುಜದ ಪಕ್ಕದಲ್ಲೇ ಪಿಕಳಾರ ಕೂರತೊಡಗಿತು. ಹೀಗೆ ಇಬ್ಬರಾದರು.

ತೊಂಬತ್ತೊಂದರ ಶಿವರಾತ್ರಿ ಕಳೆದ ಮೇಲೆ ಧರ್ಮಣ್ಣನ ಅಣ್ಣ ಸೈದಪ್ಪ ಬಂದ. ಕೆಟ್ಟವನಲ್ಲ. ಇಷ್ಟು ವರ್ಷ ಅವಳ ಪಾಲಿನ ಜೋಳವನ್ನು ತಪ್ಪದೆ ಮನೆಗೆ ತಂದು ಹಾಕಿದವನು.

"ಹನ್ನೆರಡು ವರ್ಷ ಮುಗೀತು ತಂಗಿ. ಅವನ ಕಾರ್ಯಾ ಮುಗಿಸೋಣು. ಇದು ಹಿಂಗೇ ಇಟ್ಕೊಂಡು ನನ್ನ ಮಗಳ ಲಗ್ನಾ ಹೆಂಗ್ ಮಾಡ್ಲಿ, ನೀನೇ ಹೇಳು."

"ಜೀವಂತ ಇದ್ರ, ಭಾವ?"

"ಜೀವಂತ ಇದ್ದಾಂವ ಬರದೇ ಇರ್ತಿದ್ನೇನು?"

ಅವರ ಮನೆತನದ ರೂಢಿ ಹೀಗಿತ್ತು. ಕಾಣೆಯಾದವನಿಗೆ ಹನ್ನೆರಡು ವರ್ಷ ಕಾಯಬೇಕು. ಆಮೇಲೆ ಜೋಳದ ಹಿಟ್ಟಿನ ಗೊಂಬೆ ಮಾಡಿ, ಅವನ ಕಂಬಳಿಯಲ್ಲಿ ಸುತ್ತಿ, ಹೊಲದ ಅಂಚಿನಲ್ಲಿ ಹೂಳಬೇಕು. ಅಲ್ಲೇ ಹೆಂಡತಿಯ ಬಳೆ ಒಡೆಯಬೇಕು. ಹೂತ ಮೇಲೆ ಅವನು ಸತ್ತವನೇ. ಜೀವಂತ ಎದುರಿಗೆ ಬಂದರೂ ಹೆಸರು ಹಿಡಿಯುವಂತಿಲ್ಲ, ಕರೆದರೆ ಓಗೊಡುವಂತಿಲ್ಲ, ಹೊಸ್ತಿಲ ಒಳಗೆ ಕರೆಯುವಂತಿಲ್ಲ. ಸಾಬಮ್ಮನಿಗೆ ಬಳೆಯ ಚಿಂತೆಯಿರಲಿಲ್ಲ. ಬದುಕಿರುವ ಮನುಷ್ಯನನ್ನು ತನ್ನ ಕೈಯಾರೆ ಹೂಳಿಬಿಟ್ಟರೆ ಎಂಬುದೇ ಅವಳ ಚಿಂತೆ. ಯುಗಾದಿ ಅಮಾವಾಸ್ಯೆಯ ತನಕ ಸಮಯ ಕೇಳಿದಳು. ಸೈದಪ್ಪ ಒಪ್ಪಿದ.

ಐದನೆಯ ದಿನ ಸಂಜೆ, ಹೊತ್ತು ಮುಳುಗುವ ಮೊದಲು, ಗೋಡೆಯ ಕಡೆಯಿಂದ ಸಿಳ್ಳೆ ಕೇಳಿತು.

ಮೂರು ಗಿಡ್ಡ. ನಾಲ್ಕನೆಯದು ಶುರುವಾಗುವ ಜಾಗದಲ್ಲಿ ಬರೀ ಉಸಿರು.

ಸಾಬಮ್ಮನ ಮಡಿಲಿನ ಮೊರ ಜಾರಿ ಜೋಳ ಚೆಲ್ಲಿತು. ಗೋಡೆಯ ತನಕ ಓಡಿ ಇಣುಕಿದಳು. ಹಾಳುಬಿದ್ದ ಹಟ್ಟಿ, ಒಣಗಿದ ತೊಗರಿ ಕಡ್ಡಿ, ಆಚೆ ಕಪ್ಪು ಹೊಲ. ಒಂದು ಕುರಿಯೂ ಇರಲಿಲ್ಲ. ಮರುದಿನ ಬೆಳಿಗ್ಗೆ ಮತ್ತೆ ಕೇಳಿತು. ಮೂರನೆಯ ದಿನ ಪಕ್ಕದ ಓಣಿಯವರಿಗೂ ಕೇಳಿತು. ವಾರದೊಳಗೆ ಹೆಂಗಸರು ನೀರಿಗೆ ಹೋಗುವಾಗ ಆ ಗೋಡೆ ಬಿಟ್ಟು ಸುತ್ತು ಹಾಕಿಕೊಂಡು ಹೋಗತೊಡಗಿದರು. ಧರ್ಮಣ್ಣನ ಸಿಳ್ಳೆ ಊರಿಗೆಲ್ಲ ಗೊತ್ತಿದ್ದದ್ದೇ.

"ಕೊನೀದು ಬರವಲ್ದು ನೋಡ್," ಎಂದ ಸೈದಪ್ಪ. "ಗಂಟಲ ಒಣಗ್ಯಾದ ಅವಂದು. ನೀರ್ ಬೇಡಾಕತ್ಯಾನ. ಜಲ್ದಿ ಹೂಳೋಣು ತಂಗಿ."

ಅಮೀರುನ್ನಿಸಾ ಮಾತ್ರ ಸುತ್ತು ಹಾಕಲಿಲ್ಲ. ಶುಕ್ರವಾರದ ಬೆಳಿಗ್ಗೆ ಸಾಬಮ್ಮ ಕಲಿಸಿದ ಹಾಗೆಯೇ ನೆಲ ನೋಡುತ್ತ, ಕಣ್ಣಿನ ಮೂಲೆಯನ್ನು ಗೋಡೆಗೆ ಬಿಟ್ಟು ಕುಳಿತಳು. ಒಂದು ಗಂಟೆಯ ಮೇಲೆ ಸಾಬಮ್ಮನ ಮೊಣಕೈ ಮುಟ್ಟಿದಳು. ಗೋಡೆಯ ಕಲ್ಲಿನ ಮೇಲೆ ಮಣ್ಣುಬಣ್ಣದ ಪುಟ್ಟ ಹಕ್ಕಿ ನಿಂತಿತ್ತು. ತಲೆಯ ಮೇಲೆ ಚೂಪು ಜುಟ್ಟು. ಮೊದಲು ಕಾಜಾಣದ ಹಾಗೆ ಕೂಗಿತು, ಆಮೇಲೆ ಗಿಡುಗದ ಹಾಗೆ, ಆಮೇಲೆ ಕುತ್ತಿಗೆ ಚಾಚಿ ಧರ್ಮಣ್ಣನ ಸಿಳ್ಳೆ ಹಾಕಿತು. ಮೂರು ಗಿಡ್ಡ, ಒಂದು ಉಸಿರು.

"ಚಂಡೋಲ ಕಾಕಿ. ಇದು ಕೇಳಿದ್ದೆಲ್ಲಾ ಅನ್ನೋ ಹಕ್ಕಿ. ದೆವ್ವ ಅಲ್ಲ, ಏನಲ್ಲ."

ಸಾಬಮ್ಮನಿಗೆ ಸಮಾಧಾನವಾಗಬೇಕಿತ್ತು. ಆಗಲಿಲ್ಲ. ಆ ಹಕ್ಕಿಯ ಎಡಗಾಲಿನ ಬೆರಳು ಸೊಟ್ಟಗಿತ್ತು. ಅದು ಅವಳೇ ಹೆಸರಿಟ್ಟ ಕುಂಟಪ್ಪ. ಹೋದ ಮಳೆಗಾಲದಲ್ಲಿ ಹಟ್ಟಿಯ ಹಿಂದೆ, ಒಣಗಿದ ಗೊರಸಿನ ಗುಂಡಿಯೊಂದರಲ್ಲಿ ಮರಿಯಾಗಿ ಹುಟ್ಟಿದ್ದು. ಆಡು ತುಳಿಯದಿರಲಿ ಎಂದು ಸುತ್ತ ಬೋರೆ ಮುಳ್ಳು ಇಟ್ಟವಳು ಅವಳೇ.

"ಇದಕ್ಕ ವರ್ಷ ತುಂಬಿಲ್ಲ ಅಕ್ಕೋರೆ. ಅವ್ರು ಹೋಗಿ ಹನ್ನೆರಡು ವರ್ಷ ಆಯ್ತು," ಎಂದಳು. "ಹಂಗಾರ ಇದು ಯಾರ್ ಬಾಯಾಗ ಕೇಳ್ತು? ಈ ವರ್ಷ ಅವ್ರು ಇಲ್ಲಿಗಿ ಬಂದಾರ. ಗ್ವಾಡಿ ಆಚಿ ನಿಂತಾರ. ನಾ ನೋಡಿಲ್ಲ."

ಅಮೀರುನ್ನಿಸಾ ಮೂರು ದಿನ ಶಾಲೆಗೆ ರಜೆ ಹಾಕಿ, ಈ ಸಲ ಗೋಡೆಯನ್ನು ಬಿಟ್ಟು ಹಿತ್ತಲಿನ ಉಳಿದ ಎಲ್ಲವನ್ನೂ ನೋಡಿದಳು. ಮೂರನೆಯ ದಿನ ಸಂಜೆ ನೋಡಿದ್ದನ್ನು ಹೇಳಲು ಅವಳಿಗೆ ಮನಸ್ಸೇ ಬರಲಿಲ್ಲ. ಹೇಳದೆ ಇರಲೂ ಆಗಲಿಲ್ಲ.

"ಕಾಕಿ, ಸಿಟ್ಟಾಗಬ್ಯಾಡ್ರಿ. ಜ್ವಾಳಾ ಹಸನ ಮಾಡುವಾಗ ನೀವೇ ಹಾಕ್ತೀರಿ, ಸಿಳ್ಳಿ. ತುಟಿಯಾಗೇ. ನಿಮಗ ಗೊತ್ತಿಲ್ದಂಗ."

ಹೆಣ್ಣು ಸಿಳ್ಳೆ ಹಾಕಿದರೆ ಮನೆಗೆ ಕೇಡು ಎನ್ನುವ ಊರು ಅದು. ಸಾಬಮ್ಮ ಕೋಪದಿಂದ ಎದ್ದವಳು ಹಾಗೇ ಮತ್ತೆ ಕುಳಿತಳು. ನಿಧಾನವಾಗಿ ತುಟಿ ಕೂಡಿಸಿ ಊದಿದಳು. ಮೂರು ಗಿಡ್ಡ ಸಲೀಸಾಗಿ ಬಂದವು, ದಿನವೂ ಹಾಕಿದವರ ಹಾಗೆ. ನಾಲ್ಕನೆಯದು ಬರಲಿಲ್ಲ. ಐದು ವರ್ಷದ ಹಿಂದೆ ಬಾವಿಕಟ್ಟೆಯ ಮೇಲೆ ಬಿದ್ದು ಮುಂದಿನ ಹಲ್ಲು ಹೋಗಿತ್ತು. ಆ ಸಂದಿನಿಂದ ಬರೀ ಉಸಿರು ಹೋಯಿತು.

ಅವನು ಕರೆದಿರಲಿಲ್ಲ. ಇಷ್ಟು ವರ್ಷವೂ ಕರೆದವಳು ಅವಳು. ಹಕ್ಕಿ ಅವಳ ಕರೆಯನ್ನು ಅವಳಿಗೇ ಹಿಂದಕ್ಕೆ ಕೊಟ್ಟಿತ್ತು. ಸಾಬಮ್ಮ ಸೆರಗನ್ನು ಬಾಯಿಗೆ ತುಂಬಿಕೊಂಡು ಅತ್ತಳು. ಹನ್ನೆರಡು ವರ್ಷದಲ್ಲಿ ಹಾಗೆ ಅತ್ತದ್ದು ಅದೇ ಮೊದಲು. ಅತ್ತು ಮುಗಿಸಿ, ಮುಖ ತೊಳೆದು, ತಾನೇ ಸೈದಪ್ಪನ ಮನೆಗೆ ಹೋದಳು. "ಹೂಳ್ರಿ ಭಾವ, ನಾ ಹೂಂ ಅಂತೇನಿ," ಎಂದಳು.

ಅಮಾವಾಸ್ಯೆಯ ದಿನ ಗೊಂಬೆ ಹೂತರು. ಬಳೆಗಳನ್ನು ಅವಳೇ ಕಲ್ಲಿಗೆ ಬಡಿದು ಒಡೆದಳು. ಯಾರ ಕೈಯನ್ನೂ ಮುಟ್ಟಗೊಡಲಿಲ್ಲ. ಅಂದಿನಿಂದ ತುಟಿಯನ್ನು ಬಿಗಿಹಿಡಿದು ಕುಳಿತಳು. ಜೋಳ ಹಸನು ಮಾಡುವಾಗ ಬಾಯಲ್ಲೊಂದು ಬೇವಿನ ಕಡ್ಡಿ ಕಚ್ಚಿಕೊಳ್ಳುತ್ತಿದ್ದಳು.

ಹೂತ ಎರಡನೆಯ ದಿನ ಸಂಜೆ ಕುಂಟಪ್ಪ ಅವಳ ಕಾಲಿನಿಂದ ಎರಡು ಮೊಳ ದೂರದಲ್ಲಿ ದೂಳಿನ ಸ್ನಾನ ಮಾಡುತ್ತಿತ್ತು. ಬೇವಿನಲ್ಲಿ ಎಲೆ ಅಲುಗುತ್ತಿರಲಿಲ್ಲ. ಗೋಡೆಯಾಚೆಯಿಂದ ಸಿಳ್ಳೆ ಬಂತು. ಮೂರು ಗಿಡ್ಡ. ಆಮೇಲೆ ನಾಲ್ಕನೆಯದು, ಉದ್ದಕ್ಕೆ, ಮೇಲಕ್ಕೆ ಏರಿ ನಿಂತಿತು.

ಕುಂಟಪ್ಪ ಸ್ನಾನ ನಿಲ್ಲಿಸಿತು. ಕೊಕ್ಕು ಮುಚ್ಚಿತ್ತು. ಜುಟ್ಟು ನಿಮಿರಿಸಿ, ತಲೆ ಓರೆ ಮಾಡಿ, ಅದೂ ಗೋಡೆಯ ಕಡೆಗೆ ಕಿವಿಗೊಟ್ಟು ಕೇಳುತ್ತಿತ್ತು.

ಸಾಬಮ್ಮನ ಹಲ್ಲುಗಳ ನಡುವೆ ಬೇವಿನ ಕಡ್ಡಿ ಮುರಿಯಿತು. ಎರಡೂ ಕೈಯಿಂದ ಹೊಸ್ತಿಲನ್ನು ಹಿಡಿದುಕೊಂಡಳು. ಏಳಲಿಲ್ಲ, ಹೆಸರು ಹಿಡಿಯಲಿಲ್ಲ, ಓಗೊಡಲಿಲ್ಲ. ಮಾತು ಕೊಟ್ಟು ಹೂತಾಗಿತ್ತು. ಭಾವನ ಮನೆಯಲ್ಲಿ ಮಗಳ ಲಗ್ನವಿತ್ತು. ಮರುದಿನ ಸಂಜೆಯೂ ಅದೇ ಹೊತ್ತಿಗೆ ಬಂತು. ಅದರ ಮರುದಿನವೂ.

ಅಮೀರುನ್ನಿಸಾ ಯುಗಾದಿ ರಜೆಗೆ ಕಲಬುರಗಿಗೆ ಹೋದವಳು ಎಂಟು ದಿನದ ಮೇಲೆ ಬಂದಳು. ಬೆಳಿಗ್ಗೆ ವಹಿ ಹಿಡಿದು ಹೊಸ್ತಿಲಿಗೆ ಬಂದಾಗ ಕುಂಟಪ್ಪ ಗೋಡೆಯ ಮೇಲೆ ನಿಂತು ಹಾಡುತ್ತಿತ್ತು. ಅವಳು ಬೆರಳು ಮಡಿಸಿ ಎಣಿಸಿದಳು. ಒಂದು, ಎರಡು, ಮೂರು, ನಾಲ್ಕು. ನಗುತ್ತ ತಿರುಗಿದಳು.

"ಪೂರಾ ಕಲ್ತದ ಕಾಕಿ. ಕೊನೀದು ನೀವೇ ಕಲಿಸಿದ್ರೇನು?"

ಸಾಬಮ್ಮ ಮೊರದಿಂದ ತಲೆ ಎತ್ತಲಿಲ್ಲ.

"ನನಗ ಹಲ್ಲೆಲ್ಲಿ ಅದ ಅಕ್ಕೋರೆ," ಎಂದಳು.

ನಗು ಅಮೀರುನ್ನಿಸಾಳ ಮುಖದಲ್ಲೇ ನಿಂತುಹೋಯಿತು. ಎದ್ದು, ಗೋಡೆಯ ತನಕ ಹೋಗಿ ಆಚೆಗೆ ಇಣುಕಿದಳು. ಹಾಳುಹಟ್ಟಿಯಲ್ಲಿ ಯಾರೂ ಇರಲಿಲ್ಲ. ಗೋಡೆಯ ಬುಡದಲ್ಲಿ, ಆಚೆಯ ಬದಿಗೆ, ಬೆಳಗಿದ ಹಿತ್ತಾಳೆ ತಂಬಿಗೆ ಇತ್ತು. ತುಂಬ ನೀರು.

"ಅದು ಹಕ್ಕಿಗಿ," ಎಂದಳು ಸಾಬಮ್ಮ ಹಿಂದಿನಿಂದ. "ಹಕ್ಕಿಗಿ ನೀರ್ ಇಡಬ್ಯಾಡ ಅಂತ ಭಾವ ಅಂದಿಲ್ಲ."

ತಂಬಿಗೆಯ ಕಂಠ ಕಿರಿದು, ನೀರು ಆಳ. ಯಾವ ಹಕ್ಕಿಯ ಕೊಕ್ಕೂ ಅದರೊಳಗೆ ಇಳಿಯುವಂತಿರಲಿಲ್ಲ. ನೀರು ಆಳ ಇಡಬಾರದು ಎಂದು ಅಮೀರುನ್ನಿಸಾಳಿಗೆ ಕಲಿಸಿದವಳು ಸಾಬಮ್ಮನೇ. ಅಕ್ಕೋರು ಬಂದು ಅವಳ ಪಕ್ಕದಲ್ಲಿ ಕುಳಿತಳು. ಆ ದಿನ ವಹಿಯಲ್ಲಿ ಏನೂ ಬರೆಯಲಿಲ್ಲ.